ತೊಗರಿ ಕೂಳೆ ಚುಚ್ಚಿದ ಮೇಲೆ ಬೊಲೆರೊಗೆ ತಂದ ಟಯರ್

ಫೆಬ್ರವರಿಯಲ್ಲಿ ಪಕ್ಕದ ಹೊಲದವರು ತೊಗರಿ ಕೊಯ್ದಿದ್ದರು. ಕುಡುಗೋಲಿನಿಂದ ಓರೆಯಾಗಿ ಕೊಯ್ದ ಕೂಳೆ ಒಣಗಿದರೆ ಮೊಳೆ ಇದ್ದಂತೆ. ನಾನು ಬೊಲೆರೊ ಹಿಂದೆ ನೀರಿನ ಟ್ಯಾಂಕಿನ ಟ್ರೇಲರ್ ಕಟ್ಟಿಕೊಂಡು ಬಾವಿಯಿಂದ ನಿಂಬೆ ತೋಟಕ್ಕೆ ಹೊರಟಿದ್ದೆ. ತಿರುವಿನಲ್ಲಿ ಟ್ರೇಲರ್ ಬದುವಿಗೆ ತಾಗಬಾರದೆಂದು ಗಾಡಿಯನ್ನು ಸ್ವಲ್ಪ ಹೊಲದೊಳಗೆ ಇಳಿಸಿದೆ. ಹತ್ತು ಅಡಿ ಹೋಗಿರಲಿಲ್ಲ, ಹಿಂದಿನ ಎಡಗಡೆ ಟಯರ್ ಉಸ್ಸೆಂದು ಕೂತಿತು.

ಇಂಡಿ ಊರಿನ ಪಂಚರ್ ಅಂಗಡಿಯ ಹುಡುಗ ಬೆರಳಿಟ್ಟು ತೋರಿಸಿದ. "ಅಕ್ಕಾರ, ನೆಲಕ್ಕ ಹತ್ತೋ ಕಡೆ ಚುಚ್ಚಿದ್ರ ಪ್ಯಾಚ್ ಹಾಕ್ತಿದ್ದೆ. ಇದು ಪಕ್ಕಕ್ಕ ಹರದೈತ್ರಿ. ನಿಲ್ಲಂಗಿಲ್ಲ." ಗಾಲಿ ಉರುಳುವಾಗ ಟಯರಿನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಬಾಗಿ ಏಳುತ್ತದೆ. ಅಲ್ಲಿ ಹಚ್ಚಿದ ಪ್ಯಾಚ್ ಹೇಗೆ ನಿಂತೀತು? ಅವನು ದುಡ್ಡಿನ ಆಸೆಗೆ ಸುಮ್ನೆ ಹಚ್ಚಿ ಕಳಿಸಲಿಲ್ಲ. ಅದಕ್ಕೆ ನಾನು ಅವನಿಗೆ ಋಣಿ.

ಹೇಗೂ ನಾಲ್ಕೂ ಟಯರ್ ಸವೆದಿದ್ದವು. ಹೊಸದನ್ನು ಆರಿಸಲು ವಿಜಯಪುರದಲ್ಲಿ ಎರಡು ದಿನ ಸುತ್ತಾಡಿದೆ. ಮೊದಲ ಅಂಗಡಿಯಲ್ಲಿ ದಪ್ಪ ದಪ್ಪ ಗಟ್ಟಿಗಳಿರುವ ಎಂ.ಟಿ. ಟಯರ್ ತೋರಿಸಿದರು. ಮಡ್ ಟೆರೇನ್, ಅಂದರೆ ಕೆಸರಿಗೆಂದೇ ಮಾಡಿದ್ದು. ನೋಡೋಕೆ ಚೆಂದ. ಆದರೆ ನಮ್ಮ ಮನೆ ವಿಜಯಪುರದಲ್ಲಿದೆ. ಸೊಲ್ಲಾಪುರ ಹೆದ್ದಾರಿ ಹಿಡಿದು ಝಳಕಿ, ಅಲ್ಲಿಂದ ಇಂಡಿ ಕಡೆ, ಅಷ್ಟೂ ಡಾಂಬರು. ಹೊಲದ ದಾರಿ ಕೊನೆಯ ಎರಡು ಕಿಲೋಮೀಟರ್ ಮಾತ್ರ. ಎಂ.ಟಿ. ಡಾಂಬರಿನ ಮೇಲೆ ಗುಂಯ್ ಎಂದು ಸದ್ದು ಮಾಡುತ್ತದೆ, ಡೀಸೆಲ್ ಜಾಸ್ತಿ ಕುಡಿಯುತ್ತದೆ, ಮಳೆಯಲ್ಲಿ ಬ್ರೇಕ್ ಹಾಕಿದರೆ ನಿಲ್ಲಲು ಹೆಚ್ಚು ಜಾಗ ಬೇಡುತ್ತದೆ. ಬೇಡ ಎಂದೆ.

"ಎರಿ ಹೊಲದಾಗ ಇದ ಬೇಕ್ರಿ" ಎಂದರು ಅಂಗಡಿಯವರು. ಅವರ ಮಾತಿನಲ್ಲಿ ಅರ್ಧ ನಿಜ ಇದೆ. ಎಂ.ಟಿ. ಗಟ್ಟಿಗಳ ನಡುವೆ ಜಾಗ ಜಾಸ್ತಿ ಇರುವುದರಿಂದ ಗಾಲಿ ತಿರುಗಿದಾಗ ಮೆತ್ತಿದ ಮಣ್ಣು ಸಿಡಿದು ಹೋಗುತ್ತದೆ. ರಸ್ತೆಗೆಂದು ಮಾಡಿದ ಎಚ್.ಟಿ. ಟಯರಿನ ಸಣ್ಣ ಗೆರೆಗಳಲ್ಲಿ ಎರೆ ಮಣ್ಣು ತುಂಬಿಕೊಂಡರೆ ಟಯರ್ ಬೋಳು ಗಾಲಿಯಂತೆ ಜಾರುತ್ತದೆ. ಆದರೆ ನಮ್ಮ ಎರೆ ಮಣ್ಣು ಪೂರ್ತಿ ನೆನೆದಾಗ ಟ್ರೇಲರ್ ಕಟ್ಟಿಕೊಂಡು ಹೋಗುವ ಹುಚ್ಚು ಸಾಹಸ ಯಾರೂ ಮಾಡಬಾರದು, ಟಯರ್ ಯಾವುದೇ ಇರಲಿ. ಬೊಲೆರೊ ಹಿಂದಿನ ಗಾಲಿಗಳಿಂದಷ್ಟೇ ಓಡುವ ಗಾಡಿ. ಬಿಸಿಲು ಬಿದ್ದು ಮೇಲ್ಪದರ ಆರುವ ತನಕ ಕಾಯುತ್ತೇನೆ.

ಹಾಗಾಗಿ ನನಗೆ ಬೇಕಿದ್ದದ್ದು ಎರಡರ ನಡುವಿನ ಎ.ಟಿ., ಅಂದರೆ ಆಲ್ ಟೆರೇನ್. ಆದರೆ ಮೇಲಿನ ಗೆರೆಗಿಂತ ನಾನು ಜಾಸ್ತಿ ನೋಡಿದ್ದು ಪಕ್ಕದ ಗೋಡೆಯನ್ನು, ಅದರ ಮೇಲಿನ ಅಂಕಿಗಳನ್ನು.

ನನ್ನ ಹಳೇ ಟಯರಿನ ಮೇಲೆ 215/75 ಆರ್15 ಎಂಬ ಅಳತೆ ಇತ್ತು. ಅದರ ಪಕ್ಕದಲ್ಲಿ 100. ಬಹಳ ಜನ ಈ ಕೊನೆಯ ಅಂಕಿ ಓದೋದೇ ಇಲ್ಲ. ಅದು ಭಾರದ ಸಂಕೇತ. 100 ಅಂದರೆ ಒಂದು ಟಯರ್ 800 ಕೆಜಿ ಹೊರುತ್ತದೆ, 104 ಅಂದರೆ 900, 106 ಅಂದರೆ 950. ಅದೂ ಪೂರ್ತಿ ಹವಾ ಇದ್ದಾಗ ಮಾತ್ರ. ನನ್ನ ಟ್ಯಾಂಕ್ 500 ಲೀಟರಿನದು, ತುಂಬಿದರೆ ನೀರೇ 500 ಕೆಜಿ. ಟ್ರೇಲರ್ ಸೇರಿ 700ರ ಹತ್ತಿರ. ಅದರಲ್ಲಿ ಹತ್ತನೇ ಒಂದು ಪಾಲು, ಅಂದರೆ 70 ಕೆಜಿ, ಹುಕ್ಕಿನ ಮೇಲೆ ಕೂರಬೇಕು. ಕಡಿಮೆಯಾದರೆ ಟ್ರೇಲರ್ ಬಾಲ ಅಲ್ಲಾಡಿಸುತ್ತದೆ. ಹುಕ್ ಹಿಂದಿನ ಗಾಲಿಗಳಿಗಿಂತಲೂ ಹಿಂದೆ ಇರುವುದರಿಂದ ಆ ಭಾರ ಹಿಂದಿನ ಟಯರ್‌ಗಳಿಗೆ 70ಕ್ಕಿಂತ ಜಾಸ್ತಿಯಾಗಿಯೇ ತಗಲುತ್ತದೆ. ಗಾಡಿಯೊಳಗೆ ಗೊಬ್ಬರದ ಚೀಲ ಬೇರೆ ಇರುತ್ತವೆ.

ಪ್ಲೈ ಬಗ್ಗೆಯೂ ಒಂದು ಮಾತು. 6 ಪ್ಲೈ, 8 ಪ್ಲೈ ಎಂದರೆ ಒಳಗೆ ಅಷ್ಟು ಪದರ ಇವೆ ಎಂದಲ್ಲ. ಹಿಂದೆ ಹತ್ತಿ ನೂಲಿನ ಪದರ ಹಾಕುತ್ತಿದ್ದ ಕಾಲದ ಲೆಕ್ಕ ಅದು, ಈಗ ಬಲದ ಅಳತೆಯಾಗಿ ಉಳಿದಿದೆ. 8 ಪ್ಲೈ ಗಟ್ಟಿ, ಆದರೆ ಅದರ ಪೂರ್ತಿ ಬಲ ಬರಬೇಕಾದರೆ ಹವಾ ಜಾಸ್ತಿ ಬೇಕು. ಖಾಲಿ ಗಾಡಿ ಆಗ ಕುಕ್ಕುತ್ತದೆ. ಮೊಣಕಾಲು ನೋವಿನ ಅಪ್ಪನನ್ನು ಕೂರಿಸಿಕೊಂಡು ಆಸ್ಪತ್ರೆಗೆ ಹೋಗುವುದೂ ಇದೇ ಗಾಡಿಯಲ್ಲಿ. ನಾನು 6 ಪ್ಲೈಗೇ ನಿಂತೆ.

ನನಗೆ ತುಂಬಾ ತಲೆ ಕೆಡಿಸಿದ್ದು ಹವಾ. ಸಡಿಲ ಮಣ್ಣಿನಲ್ಲಿ ಓಡಿಸುವವರು ಹವಾ ಇಳಿಸಿ ಎನ್ನುತ್ತಾರೆ, ಟಯರ್ ಅಗಲವಾಗಿ ಹರಡಿಕೊಂಡು ಹೂಳುವುದಿಲ್ಲ. ಭಾರ ಎಳೆಯುವವರು ಏರಿಸಿ ಎನ್ನುತ್ತಾರೆ. ನಾನು ಎರಡನ್ನೂ ಒಟ್ಟಿಗೆ ಮಾಡುವವಳು! ಕೊನೆಗೆ ನನಗೆ ಹೊಳೆದದ್ದು ಇಷ್ಟು: ಟ್ರೇಲರ್ ಇದ್ದಾಗ ಇಳಿಸುವ ಮಾತೇ ಇಲ್ಲ. ಹವಾ ಕಡಿಮೆಯಾದರೆ ಪಕ್ಕ ಉಬ್ಬಿ ಹೊರಗೆ ಬರುತ್ತದೆ, ಕೂಳೆಗೆ ಅದೇ ಮೊದಲು ಸಿಗುತ್ತದೆ. ಜೊತೆಗೆ ಪಕ್ಕ ಜಾಸ್ತಿ ಬಾಗಿ ಕಾಯುತ್ತದೆ. ಮೇ ತಿಂಗಳಲ್ಲಿ ನಮ್ಮ ಕಡೆ 40 ಡಿಗ್ರಿ ದಾಟುವ ಬಿಸಿಲು, ಟಯರ್ ಸಿಡಿಯಲು ಇನ್ನೇನು ಬೇಕು? ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆ, ತಣ್ಣಗಿದ್ದಾಗಲೇ, ಗೇಜ್ ಇಟ್ಟು ನೋಡುತ್ತೇನೆ. ಪೂರ್ತಿ ಭಾರಕ್ಕೆ ಕಂಪನಿ ಹೇಳಿದಷ್ಟು ಹಿಂದಿನ ಎರಡಕ್ಕೂ ಇರಲೇಬೇಕು.

ಒಂದು ಅಂಗಡಿಯಲ್ಲಿ ಕಡಿಮೆ ಬೆಲೆಗೆ ಕೊಡುತ್ತೇವೆಂದರು. ಪಕ್ಕದ ಮೇಲಿನ ನಾಲ್ಕು ಅಂಕಿ ಓದಿದೆ. ಮೊದಲೆರಡು ಅಂಕಿ ಮಾಡಿದ ವಾರ, ಕೊನೆಯೆರಡು ವರ್ಷ. ಅಲ್ಲಿ 1121 ಇತ್ತು, ಅಂದರೆ 2021ರ 11ನೇ ವಾರದಲ್ಲಿ ಮಾಡಿದ್ದು. ಹಳೇ ಮಾಲು. ಸುಮ್ಮನೆ ಎದ್ದು ಬಂದೆ.

ಹೊಸ ಎ.ಟಿ. ಹಾಕಿಸಿ ಈಗ ಮೂರು ತಿಂಗಳು. ಇಂಡಿ ನಿಂಬೆಗೆ 2023ರಲ್ಲಿ ಜಿ.ಐ. ಟ್ಯಾಗ್ (ಭೌಗೋಳಿಕ ಗುರುತು) ಸಿಕ್ಕಾಗ ಅಪ್ಪ ಇನ್ನೂ ಐವತ್ತು ಗಿಡ ಹಚ್ಚಿದ್ದರು. ಈ ಬೇಸಿಗೆಯಲ್ಲಿ ಅವುಗಳಿಗೆ ಟ್ಯಾಂಕಿನ ನೀರೇ ಗತಿ. ದಿನಕ್ಕೆ ನಾಲ್ಕು ಸಲ ಓಡಾಡಿದೆ. ಸಂಜೆ ಟ್ರೇಲರ್ ಬಿಚ್ಚಿದ ಮೇಲೆ ಟಯರಿನ ಪಕ್ಕವನ್ನು, ಒಳಗಡೆಯನ್ನೂ, ಕೈಯಾಡಿಸಿ ನೋಡುತ್ತೇನೆ. ಮೊನ್ನೆ ಒಂದು ಗೀರು ಸಿಕ್ಕಿತು, ಉಗುರು ಇಳಿಯುವಷ್ಟೂ ಇಲ್ಲ. ಸ್ಟೆಪ್ನಿ ಮಾತ್ರ ಇನ್ನೂ ಹಳೆಯದೇ. ಮುಂದಿನ ಸಲ ನಿಂಬೆ ಚೀಲ ಮಾರುಕಟ್ಟೆಗೆ ಹೋದಾಗ ಬರುವ ದುಡ್ಡನ್ನು ಅದಕ್ಕೇ ತೆಗೆದಿಡುವುದೆಂದು ಅಪ್ಪನಿಗೆ ಹೇಳಿದ್ದೇನೆ.