ಡ್ರಾಪರ್ ಪೋಸ್ಟ್ ಹಾಕುವ ಕೆಲಸ: ಡಬ್ಬ ತೆರೆಯೋದಕ್ಕೆ ಮೊದಲು ಟೇಪ್ ಹಿಡಿಯಿರಿ

ಬೆಂಗಳೂರಿನ ಒಂದು ಸೈಕಲ್ ಅಂಗಡಿಯಲ್ಲಿ ನಾನು ಮೆಕ್ಯಾನಿಕ್. ಗೇರ್ ಟ್ಯೂನಿಂಗ್, ಬ್ರೇಕ್ ಬ್ಲೀಡಿಂಗ್, ಚಕ್ರದ ಬೆಂಡ್ ತೆಗೆಯೋದು ದಿನಾ ಇರುವ ಕೆಲಸಗಳು. ಈಚೆಗೆ ಯಲಹಂಕದ ಕಡೆಯ ಅವಲಹಳ್ಳಿ ಕಾಡಿನಲ್ಲಿ ಸೈಕಲ್ ಓಡಿಸುವವರು ಮೌಂಟನ್ ಬೈಕ್ ತಂದು ಡ್ರಾಪರ್ ಪೋಸ್ಟ್ ಹಾಕಿಕೊಡಿ ಅನ್ನುತ್ತಾರೆ. ನನಗೆ ತುಂಬಾ ಇಷ್ಟದ ಕೆಲಸ ಇದು. ಸರಿಯಾಗಿ ಹಾಕಿದರೆ ಓಡಿಸುವವರಿಗೆ ಮೊದಲ ಇಳಿಜಾರಿನಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ. ಈ ಕೆಲಸ ಕಲಿಯುತ್ತಿರುವ ಹುಡುಗರಿಗೂ, ಮನೆಯಲ್ಲೇ ಹಾಕಿಕೊಳ್ಳೋಣ ಅಂತ ಇರುವವರಿಗೂ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಡ್ರಾಪರ್ ನೋಡದೇ ಇದ್ದವರಿಗೆ ಎರಡು ಮಾತು. ಸೈಕಲ್ ಓಡಿಸುತ್ತಲೇ ಎತ್ತರ ಬದಲಾಯಿಸಬಹುದಾದ ಸೀಟಿನ ಕಂಬ ಇದು. ಏರು ಹತ್ತುವಾಗ, ಸಮನೆಲದಲ್ಲಿ ತುಳಿಯುವಾಗ ಸೀಟು ಎತ್ತರದಲ್ಲಿರಬೇಕು. ಇಲ್ಲದಿದ್ದರೆ ಮಂಡಿ ನೋಯುತ್ತದೆ, ಕಾಲಿನ ಶಕ್ತಿಯೂ ದಂಡ. ಕಲ್ಲುಬಂಡೆಗಳ ಮೇಲೆ ಇಳಿಯುವಾಗ ಅದೇ ಸೀಟು ಅಡ್ಡ ಬರುತ್ತದೆ. ಮೈಯನ್ನು ತಗ್ಗಿಸಿ ಹಿಂದಕ್ಕೆ ಹೋಗಲು ಆಗೋದಿಲ್ಲ, ಸೀಟು ಹೊಟ್ಟೆಗೆ ಗುದ್ದುತ್ತದೆ, ಸೈಕಲ್ ಮುಂದಕ್ಕೆ ಮಗುಚುವ ಭಯ ಬೇರೆ. ಡ್ರಾಪರ್ ಇದ್ದರೆ ಹ್ಯಾಂಡಲ್ ಮೇಲಿನ ಸಣ್ಣ ಲಿವರನ್ನು ಹೆಬ್ಬೆರಳಿನಲ್ಲಿ ಒತ್ತಿ, ಸೀಟಿನ ಮೇಲೆ ಭಾರ ಬಿಟ್ಟರೆ ಸಾಕು, ಸೀಟು ಕೆಳಗೆ ಹೋಗುತ್ತದೆ. ಲಿವರ್ ಬಿಟ್ಟ ಕಡೆ ನಿಲ್ಲುತ್ತದೆ. ಮತ್ತೆ ಒತ್ತಿ ಎದ್ದು ನಿಂತರೆ ಒಳಗಿನ ಗ್ಯಾಸ್ ಸೀಟನ್ನು ಮೇಲಕ್ಕೆ ತಳ್ಳುತ್ತದೆ.

ಇದರ ಯೋಚನೆ ಹಳೆಯದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1980ರ ದಶಕದಲ್ಲೇ ಜೋ ಬ್ರೀಝ್ ಮತ್ತು ಜೋಶ್ ಏಂಜೆಲ್ ಸೇರಿ ಹೈಟ್-ರೈಟ್ ಅನ್ನುವ ಸ್ಪ್ರಿಂಗ್ ಮಾಡಿದ್ದರು. ಸೀಟಿನ ಕ್ಲ್ಯಾಂಪ್ ಸಡಿಲ ಮಾಡಿದರೆ ಆ ಸ್ಪ್ರಿಂಗ್ ಸೀಟನ್ನು ತಾನೇ ಮೇಲೆತ್ತುತ್ತಿತ್ತು. ಈಗ ಇದು ರೋಡ್ ರೇಸಿಗೂ ಹೋಗಿದೆ. 2022ರ ಮಿಲಾನ್–ಸಾನ್ ರೆಮೊ ರೇಸಿನಲ್ಲಿ ಸ್ಲೊವೇನಿಯಾದ ಮಾತೇಯ್ ಮೊಹೊರಿಚ್ ರೋಡ್ ಬೈಕಿಗೇ ಡ್ರಾಪರ್ ಹಾಕಿಕೊಂಡು, ಪೊಜ್ಜಿಯೊ ಬೆಟ್ಟದ ಇಳಿಜಾರಿನಲ್ಲಿ ಎಲ್ಲರನ್ನೂ ಹಿಂದೆ ಬಿಟ್ಟು ಗೆದ್ದರು.

ಆದರೂ ಅಂಗಡಿಗೆ ಬಂದವರಿಗೆಲ್ಲ ನಾನು ಡ್ರಾಪರ್ ಹಾಕಿಸಿಕೊಳ್ಳಿ ಅನ್ನೋದಿಲ್ಲ. ವಾರಕ್ಕೊಮ್ಮೆ ಟಾರ್ ರೋಡಿನಲ್ಲಿ ನಂದಿ ಬೆಟ್ಟಕ್ಕೆ ಹೋಗಿ ಬರುವವರಾದರೆ ಆ ದುಡ್ಡಿಗೆ ಒಳ್ಳೆ ಟೈರ್, ಹೊಸ ಬ್ರೇಕ್ ಪ್ಯಾಡ್ ಹಾಕಿಸಿ ಅನ್ನುತ್ತೇನೆ. ಮಣ್ಣಿನ ಟ್ರೇಲ್‌ನಲ್ಲಿ ಏರು–ಇಳಿಜಾರು ಮತ್ತೆ ಮತ್ತೆ ಬರುವ ಕಡೆ ಓಡಿಸುವವರಾದರೆ ಮಾತ್ರ, ಹೌದು, ಖಂಡಿತ ಹಾಕಿಸಿ.

ಈಗ ಅಳತೆಯ ವಿಷಯ. ಈ ಕೆಲಸದ ಮುಕ್ಕಾಲು ಭಾಗ ಇಲ್ಲೇ ಇದೆ.

ಜನ ಸಾಮಾನ್ಯವಾಗಿ ಆನ್‌ಲೈನಿನಲ್ಲಿ ಪೋಸ್ಟ್ ತರಿಸಿಕೊಂಡೇ ಬರುತ್ತಾರೆ. ಒಬ್ಬರು 170 ಮಿಲಿಮೀಟರ್ ಇಳಿಯುವ ಪೋಸ್ಟ್ ತಂದಿದ್ದರು. "ಅಣ್ಣಾ, ಇದನ್ನ ಹಾಕ್ಕೊಡಿ, ಸಂಜೆ ಬರ್ತೀನಿ" ಅಂದರು. ನಾನು ಡಬ್ಬ ತೆರೆಯಲಿಲ್ಲ. "ಒಂದೈದು ನಿಮಿಷ ನಿಂತ್ಕೊಳಿ ಸರ್" ಅಂತ ಹೇಳಿ, ಅವರನ್ನೇ ಸೈಕಲ್ ಮೇಲೆ ಕೂರಿಸಿ, ತುಳಿಯೋಕೆ ಸರಿಯಾದ ಎತ್ತರಕ್ಕೆ ಹಳೆಯ ಸೀಟು ನಿಲ್ಲಿಸಿದೆ. ಆಮೇಲೆ ಫ್ರೇಮಿನ ಸೀಟ್ ಟ್ಯೂಬ್, ಅಂದರೆ ಪೋಸ್ಟ್ ಇಳಿಯುವ ಕೊಳವೆಯ ಬಾಯಿಯಿಂದ ಸೀಟಿನ ಕೆಳಗಿನ ಕಂಬಿಯ ನಡುವಿನವರೆಗೆ ಅಳೆದೆ. 210 ಮಿಲಿಮೀಟರ್ ಬಂತು.

ಲೆಕ್ಕ ಇಷ್ಟೇ. ಡ್ರಾಪರ್ ಪೂರ್ತಿ ಮೇಲಿದ್ದಾಗ ಫ್ರೇಮಿನಿಂದ ಹೊರಗೆ ಕಾಣುವುದು ಬರೀ ಅದರ ಇಳಿತದ ಉದ್ದ ಅಲ್ಲ. ಕೆಳಗೆ ಫ್ರೇಮಿನ ಬಾಯಿಯ ಮೇಲೆ ಕೂರುವ ದಪ್ಪ ಉಂಗುರ, ಅಂದರೆ ಕಾಲರ್, ಮೇಲೆ ಸೀಟು ಹಿಡಿಯುವ ತಲೆ, ಎರಡೂ ಸೇರಿ ಇನ್ನೂ ಒಂದಷ್ಟು ಆಗುತ್ತದೆ. ಅವರು ತಂದ ಪೋಸ್ಟಿನ ನಕ್ಷೆಯಲ್ಲಿ ಅದು 50 ಮಿಲಿಮೀಟರ್ ಇತ್ತು. 170ಕ್ಕೆ 50 ಸೇರಿಸಿದರೆ 220. ಅವರಿಗೆ ಬೇಕಿರುವುದು 210. ಅಂದರೆ ಪೋಸ್ಟನ್ನು ಫ್ರೇಮಿನೊಳಗೆ ಕೊನೆವರೆಗೂ ಇಳಿಸಿದರೂ ಸೀಟು 10 ಮಿಲಿಮೀಟರ್ ಜಾಸ್ತಿ ಎತ್ತರ. ಅಷ್ಟೇ ತಾನೆ ಅನ್ನಿಸಬಹುದು. ಆದರೆ ಪ್ರತಿ ತುಳಿತಕ್ಕೂ ಸೊಂಟ ಆ ಕಡೆ ಈ ಕಡೆ ಓಲಾಡಿ, ಒಂದು ಲಾಂಗ್ ರೈಡ್ ಮುಗಿಸುವಷ್ಟರಲ್ಲಿ ಬೆನ್ನು ಹಿಡಿದುಕೊಳ್ಳುತ್ತದೆ. 150ರ ಪೋಸ್ಟ್ ಆದರೆ 200 ಆಗುತ್ತದೆ, 10 ಮಿಲಿಮೀಟರ್ ಮೇಲೆತ್ತಿ ಬಿಗಿ ಮಾಡಿದರೆ ಸರಿಯಾಗಿ ಕೂರುತ್ತದೆ. ಡಬ್ಬ ತೆರೆಯದೇ ಇದ್ದದ್ದರಿಂದ ಅವರು ಅದನ್ನು ವಾಪಸ್ ಕಳಿಸಿ 150 ತರಿಸಿಕೊಂಡರು.

ಜಾಸ್ತಿ ಇಳಿಯುವ ಪೋಸ್ಟ್ ಒಳ್ಳೆಯದು ಅನ್ನುವ ಮಾತು ಅಂಗಡಿಯಲ್ಲಿ ಆಗಾಗ ಕೇಳುತ್ತೇನೆ. ನಿಮ್ಮ ಕಾಲಿಗೆ, ನಿಮ್ಮ ಫ್ರೇಮಿಗೆ ಎಷ್ಟು ಹಿಡಿಯುತ್ತದೋ ಅಷ್ಟೇ ಒಳ್ಳೆಯದು. ಅದರಲ್ಲೂ ಸ್ವಲ್ಪ ಕುಳ್ಳಗಿರುವವರು, ಉದ್ದ ಸೀಟ್ ಟ್ಯೂಬಿನ ಹಳೆಯ ಫ್ರೇಮ್ ಇರುವವರು 100 ಅಥವಾ 125ಕ್ಕೆ ಬೇಜಾರು ಮಾಡಿಕೊಳ್ಳಬೇಕಾಗಿಲ್ಲ. 100 ಮಿಲಿಮೀಟರ್ ಕೆಳಗೆ ಹೋದ ಸೀಟೂ ಇಳಿಜಾರಿನಲ್ಲಿ ದೊಡ್ಡ ಧೈರ್ಯ ಕೊಡುತ್ತದೆ.

ಮೇಲಿನ ಅಳತೆ ಆದ ಮೇಲೆ ಕೆಳಗಿನದು. ಪೋಸ್ಟಿನ ಒಟ್ಟು ಉದ್ದದಲ್ಲಿ ಹೊರಗಿರುವುದನ್ನು ಕಳೆದರೆ ಉಳಿದದ್ದೆಲ್ಲ ಸೀಟ್ ಟ್ಯೂಬಿನ ಒಳಗೆ ಇಳಿಯಬೇಕು. ಕೆಲವು ಕಂಪನಿಗಳು ಹೇಳುವ ಒಟ್ಟು ಉದ್ದದಲ್ಲಿ ತಳದಲ್ಲಿರುವ ಕೇಬಲ್ ಎಳೆಯುವ ಭಾಗ ಸೇರಿರುವುದಿಲ್ಲ, ನಕ್ಷೆ ನೋಡಿ ಸೇರಿಸಿಕೊಳ್ಳಿ. ಅದರ ಕೆಳಗೆ ಕೇಬಲ್ ಬಾಗಲು ಇನ್ನಷ್ಟು ಜಾಗ ಬೇಕು. ಟ್ಯೂಬು ಹೊರಗಿನಿಂದ ಉದ್ದ ಕಂಡರೂ ಒಳಗೆ ತಡೆಗಳಿರುತ್ತವೆ. ಬಾಟಲ್ ಸ್ಟ್ಯಾಂಡಿನ ಬೋಲ್ಟ್ ಕೂರುವ ನಟ್ಟು ಒಳಗೆ ಚಾಚಿರುತ್ತದೆ. ಹಿಂದೆ ಮುಂದೆ ಎರಡೂ ಕಡೆ ಶಾಕ್ ಇರುವ ಹಲವು ಫುಲ್ ಸಸ್ಪೆನ್ಷನ್ ಬೈಕುಗಳಲ್ಲಿ ಟ್ಯೂಬು ನಡುವೆ ಬಾಗಿರುತ್ತದೆ. ನಾನು ಅಷ್ಟೇ ದಪ್ಪದ ಉದ್ದನೆಯ ಹಳೆಯ ಪೋಸ್ಟನ್ನು ಮೆಲ್ಲಗೆ ಇಳಿಸಿ, ಎಲ್ಲಿ ತಡೆಯುತ್ತದೋ ಅಲ್ಲಿ ಟೇಪ್ ಅಂಟಿಸಿ ಅಳೆಯುತ್ತೇನೆ. ಕಣ್ಣಳತೆಯನ್ನು ಇಲ್ಲಿ ನಂಬಬೇಡಿ.

ಇನ್ನು ದಪ್ಪ. 27.2, 30.9, 31.6, 34.9 ಮಿಲಿಮೀಟರ್, ಇವು ಸಾಮಾನ್ಯವಾಗಿ ಬರುವ ಸೈಜುಗಳು. ಹಳೆಯ ಪೋಸ್ಟಿನ ಕೆಳಭಾಗದಲ್ಲಿ ಅಚ್ಚು ಹಾಕಿರುವ ನಂಬರ್ ನೋಡಿ, ವರ್ನಿಯರ್ ಹಿಡಿದು ಖಾತ್ರಿ ಮಾಡಿಕೊಳ್ಳಿ. 31.6ರ ಫ್ರೇಮಿಗೆ 30.9ರ ಪೋಸ್ಟ್ ಹಾಕಬೇಕಾದರೆ ನಡುವೆ ತುಂಬುವ ತೆಳು ಕೊಳವೆ, ಅಂದರೆ ಶಿಮ್, ಸಿಗುತ್ತದೆ. ಫ್ರೇಮಿಗಿಂತ ದಪ್ಪದ ಪೋಸ್ಟಿಗೆ ದಾರಿ ಇಲ್ಲ. ಮಂಗಳೂರು, ಉಡುಪಿ ಕಡೆಯಿಂದ ಬಂದ ಸೈಕಲ್ ಆದರೆ ಹಳೆಯ ಪೋಸ್ಟ್ ಮೊದಲು ಹೊರಗೆ ಬರುತ್ತದಾ ನೋಡಿ. ಸಮುದ್ರದ ಉಪ್ಪುಗಾಳಿಗೆ ಅಲ್ಯುಮಿನಿಯಂ ಪೋಸ್ಟು ಫ್ರೇಮಿನೊಳಗೆ ಕಚ್ಚಿಕೊಂಡಿರುತ್ತದೆ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯುವುದು ವಾಸಿ.

ಫ್ರೇಮಿನಲ್ಲಿ ಒಳಗಿನ ಕೇಬಲ್‌ಗೆ ತೂತು ಇಲ್ಲದಿದ್ದರೆ? "ಡ್ರಿಲ್ ಮಾಡ್ಬಿಡಿ" ಅನ್ನುವವರಿದ್ದಾರೆ. ನಾನು ಮಾಡೋದಿಲ್ಲ. ಫ್ರೇಮಿನ ಬಲ ಹೋಗುತ್ತದೆ, ವಾರಂಟಿಯೂ ಹೋಗುತ್ತದೆ. ಕೇಬಲ್ ಹೊರಗಿನಿಂದಲೇ ಹೋಗುವ ಡ್ರಾಪರ್‌ಗಳು ಇವೆ, ಅದನ್ನೇ ತರಿಸಿ.

ಅಳತೆ ಸರಿಹೋದರೆ ಉಳಿದದ್ದು ಕೇಬಲ್. ಡ್ರಾಪರ್ ಹಗುರವಾಗಿ ಕೆಲಸ ಮಾಡುತ್ತದಾ ಇಲ್ಲವಾ ಅನ್ನೋದು ಪೋಸ್ಟಿನ ಬೆಲೆಗಿಂತ ಕೇಬಲ್ ಎಳೆದ ರೀತಿಯ ಮೇಲೇ ಜಾಸ್ತಿ ನಿಂತಿದೆ. ಇದನ್ನು ನಾನು ಗಟ್ಟಿಯಾಗಿ ನಂಬುತ್ತೇನೆ. ಅಗ್ಗದ ಪೋಸ್ಟು ಒಳ್ಳೆ ಕೇಬಲ್‌ನಲ್ಲಿ ಬೆಣ್ಣೆಯಂತೆ ಓಡಿದ್ದನ್ನೂ, ದುಬಾರಿ ಪೋಸ್ಟು ಮುರಿದ ಕೇಬಲ್ ಹೊದಿಕೆ, ಅಂದರೆ ಔಟರ್‌ನಿಂದ ಹೆಬ್ಬೆರಳು ನೋಯಿಸಿದ್ದನ್ನೂ ನೋಡಿದ್ದೇನೆ.

ಬೇಕಾಗಿರುವುದು ಗೇರಿನ ಔಟರ್, ಗೇರಿನ ಇನ್ನರ್ (ಒಳಗಿನ ತಂತಿ). ಬ್ರೇಕಿನದ್ದಲ್ಲ. ಬ್ರೇಕ್ ಔಟರ್ ಒಳಗೆ ತಂತಿ ಸುರುಳಿಯಾಗಿರುತ್ತದೆ, ಎಳೆದಾಗ ಸ್ವಲ್ಪ ಕುಗ್ಗುತ್ತದೆ. ಗೇರ್ ಔಟರ್‌ನಲ್ಲಿ ತಂತಿಗಳು ಉದ್ದಕ್ಕೆ ಇರುತ್ತವೆ, ಕುಗ್ಗೋದಿಲ್ಲ. ಅದನ್ನು ಹ್ಯಾಂಡಲ್ ಕಡೆಯ ತೂತಿನಿಂದ ಒಳಗೆ ಬಿಟ್ಟು, ಕೆಳಗೆ ಪೆಡಲಿನ ಕ್ರ್ಯಾಂಕ್ ಇರುವ ಮೂಲೆ ದಾಟಿಸಿ, ಸೀಟ್ ಟ್ಯೂಬಿನಿಂದ ಹೊರಗೆ ತೆಗೆಯಬೇಕು. ಆ ಮೂಲೆಯಲ್ಲೇ ತಾಳ್ಮೆ ಬೇಕಾಗುವುದು. ಅಯಸ್ಕಾಂತ ಇರುವ ಕೇಬಲ್ ಕಿಟ್ ಇದ್ದರೆ ಸುಲಭ. ಇಲ್ಲದಿದ್ದರೆ ಒಂದು ಕಡೆ ನೂಲು ಬಿಟ್ಟು, ಇನ್ನೊಂದು ಕಡೆ ವ್ಯಾಕ್ಯೂಮ್ ಕ್ಲೀನರ್ ಹಿಡಿದು ನೂಲನ್ನು ಎಳೆದುಕೊಳ್ಳಿ, ಆಮೇಲೆ ನೂಲಿಗೆ ಕೇಬಲ್ ಕಟ್ಟಿ ತನ್ನಿ. ಕೆಲವು ಫ್ರೇಮುಗಳಲ್ಲಿ ಕ್ರ್ಯಾಂಕ್ ಮತ್ತು ಅದು ತಿರುಗುವ ಬೇರಿಂಗ್, ಅಂದರೆ ಬಾಟಮ್ ಬ್ರಾಕೆಟ್, ಬಿಚ್ಚದೆ ದಾರಿಯೇ ಇಲ್ಲ. ಗ್ರಾಹಕರಿಗೆ ಇದನ್ನು ಮೊದಲೇ ಹೇಳಿಬಿಡಿ, ಆಮೇಲೆ ಬಿಲ್ ನೋಡಿ ಬೇಸರ ಆಗಬಾರದು ಅಲ್ವಾ. ಔಟರ್ ಮೇಲೆ ತೆಳು ಫೋಮ್ ಕೊಳವೆ ಹಾಕಿದರೆ ಕಲ್ಲಿನ ದಾರಿಯಲ್ಲಿ ಫ್ರೇಮಿನೊಳಗೆ ಟಕಟಕ ಸದ್ದು ಬರೋದಿಲ್ಲ.

ಔಟರ್ ಕತ್ತರಿಸುವಾಗ ಒಳ್ಳೆ ಕಟರ್ ಬಳಸಿ. ತುದಿ ನೇರವಾಗಿರಬೇಕು. ಒಳಗಿನ ಪ್ಲಾಸ್ಟಿಕ್ ತೂತು ಕಟರ್ ಒತ್ತಿಗೆ ಮುಚ್ಚಿರುತ್ತದೆ, ಸೂಜಿಮೊನೆಯಲ್ಲಿ ಬಿಡಿಸಿ. ಎರಡೂ ಕಡೆ ಕ್ಯಾಪ್ ಹಾಕಿ. ಉದ್ದ ನೋಡುವಾಗ ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ, ಎಲ್ಲೂ ಬಿಗಿಯಬಾರದು. ಇನ್ನರಿನ ಗುಂಡು ತಲೆ ಪೋಸ್ಟಿನ ಕಡೆ ಕೂರುವ ಮಾಡೆಲ್ ಆದರೆ ಕೆಲಸ ಹಗುರ, ಬಿಗಿ ಮಾಡೋದು ಲಿವರ್ ಹತ್ತಿರ. ತಲೆ ಲಿವರ್ ಕಡೆ ಇದ್ದರೆ ಪೋಸ್ಟಿನ ತಳದಲ್ಲಿ ಅಳತೆ ಸರಿಯಾಗಿ ಬರುವ ಹಾಗೆ ಕತ್ತರಿಸಬೇಕು. ಕೊಳ್ಳುವ ಮುಂಚೆ ಕೇಳಿದವರಿಗೆ ನಾನು ಮೊದಲನೆಯದನ್ನೇ ಹೇಳುತ್ತೇನೆ.

ಹೊಸಬರು ಆತುರ ಮಾಡುವುದು ಪೋಸ್ಟನ್ನು ಒಳಗೆ ಇಳಿಸುವಾಗ. ಕೇಬಲ್ ಸಿಕ್ಕಿಸಿದ ಪೋಸ್ಟನ್ನು ಸುಮ್ನೆ ಕೆಳಗೆ ತಳ್ಳಿದರೆ ಅದರ ಔಟರ್ ಎಲ್ಲಿಗೆ ಹೋಗಬೇಕು? ಕ್ರ್ಯಾಂಕಿನ ಮೂಲೆಯಲ್ಲಿ ಮುದುಡಿಕೊಳ್ಳುತ್ತದೆ. ಒಮ್ಮೆ ಅಲ್ಲಿ ಮಡಿಕೆ ಬಿದ್ದರೆ ಆ ಔಟರ್ ಕಥೆ ಮುಗಿಯಿತು, ಬದಲಾಯಿಸಬೇಕು. ಒಂದು ಕೈಯಲ್ಲಿ ಪೋಸ್ಟ್ ಇಳಿಸುತ್ತಾ, ಇನ್ನೊಂದು ಕೈಯಲ್ಲಿ ಹ್ಯಾಂಡಲ್ ಕಡೆಯಿಂದ ಔಟರನ್ನು ಅಷ್ಟಷ್ಟೇ ಹೊರಗೆ ಎಳೆಯುತ್ತಾ ಹೋಗಬೇಕು. ತಡೆ ಸಿಕ್ಕರೆ ನಿಲ್ಲಿಸಿ, ಸ್ವಲ್ಪ ಮೇಲೆತ್ತಿ, ಮತ್ತೆ ಇಳಿಸಿ. ಜೊತೆಗೆ ಒಬ್ಬ ಹುಡುಗ ಇದ್ದರೆ ಇನ್ನೂ ಒಳ್ಳೆಯದು. ಪೋಸ್ಟಿನ ಮೇಲಿರುವ ಕನಿಷ್ಠ ಆಳದ ಗೆರೆ ಫ್ರೇಮಿನೊಳಗೆ ಮುಳುಗಿರಲೇಬೇಕು, ಅದರಲ್ಲಿ ರಾಜಿ ಇಲ್ಲ.

ಲಿವರ್ ಹ್ಯಾಂಡಲಿನ ಎಡಗಡೆ ಬರುತ್ತದೆ. ಮುಂದೆ ಒಂದೇ ಚೈನ್‌ರಿಂಗ್ (ಪೆಡಲ್ ಹತ್ತಿರದ ಹಲ್ಲಿನ ಚಕ್ರ) ಇದ್ದರೆ ಎಡಗಡೆಯ ಗೇರ್ ಶಿಫ್ಟರ್ ಇರೋದಿಲ್ಲ, ಹ್ಯಾಂಡಲಿನ ಕೆಳಗಿನ ಆ ಜಾಗ ಖಾಲಿ, ಹೆಬ್ಬೆರಳಿಗೆ ಸರಿಯಾಗಿ ಸಿಗುತ್ತದೆ. ಎರಡೋ ಮೂರೋ ಇದ್ದರೆ ಹ್ಯಾಂಡಲಿನ ಮೇಲ್ಬದಿಗೆ ಕೂರುವ ಸಣ್ಣ ಲಿವರ್ ಬೇಕು.

ಇನ್ನು ಬಿಗಿ ಮಾಡುವುದು. ಮಾಮೂಲಿ ಪೋಸ್ಟನ್ನು ಜೋರಾಗಿ ಬಿಗಿದು ಅಭ್ಯಾಸ ಆದ ಕೈ ಇಲ್ಲಿ ಬದಲಾಗಬೇಕು. ಡ್ರಾಪರ್ ಅಂದರೆ ಒಂದು ಕೊಳವೆಯೊಳಗೆ ಇನ್ನೊಂದು ಕೊಳವೆ ಜಾರಬೇಕು. ಹೊರಗಿನದನ್ನು ಕ್ಲ್ಯಾಂಪ್ ಹಿಸುಕಿದರೆ ಒಳಗಿನದು ಜಾರೋದಿಲ್ಲ. "ಪೋಸ್ಟ್ ನಿಧಾನವಾಗಿ ಮೇಲೆ ಬರ್ತಿದೆ, ಹಾಳಾಗಿದೆ ಅನ್ಸುತ್ತೆ" ಅಂತ ಸೈಕಲ್ ತಂದರೆ ನಾನು ಮೊದಲು ಮುಟ್ಟುವುದು ಸೀಟ್ ಕ್ಲ್ಯಾಂಪ್ ಬೋಲ್ಟನ್ನೇ. ಕಾಲು ಸುತ್ತು ಸಡಿಲ ಮಾಡಿ ಲಿವರ್ ಒತ್ತಿದರೆ ಪೋಸ್ಟ್ ಚಕ್ಕನೆ ಎದ್ದು ನಿಂತದ್ದು ಎಷ್ಟೋ ಸಲ. ಟಾರ್ಕ್ ವ್ರೆಂಚ್ ಹಿಡಿದು 5 ನ್ಯೂಟನ್ ಮೀಟರ್ ಸುತ್ತಮುತ್ತ ಶುರು ಮಾಡಿ, ಕ್ಲ್ಯಾಂಪ್ ಮೇಲೆ ಬರೆದಿರುವ ಮಿತಿ ದಾಟಬೇಡಿ. ಪೋಸ್ಟ್ ಜಾರದಷ್ಟು ಬಿಗಿ ಸಾಕು. ಕಾರ್ಬನ್ ಫ್ರೇಮಿಗೆ ಗ್ರೀಸ್ ಬೇಡ, ಮರಳುಮರಳಾದ ಕಾರ್ಬನ್ ಪೇಸ್ಟ್ ಹಚ್ಚಿ, ಕಡಿಮೆ ಬಿಗಿಯಲ್ಲೇ ಹಿಡಿದುಕೊಳ್ಳುತ್ತದೆ. ಕೈಯಲ್ಲಿ ತಿರುಗಿಸುವ ಕ್ವಿಕ್ ರಿಲೀಸ್ ಇದ್ದರೆ ತೆಗೆದು ಬೋಲ್ಟ್ ಕ್ಲ್ಯಾಂಪ್ ಹಾಕಿ. ಎತ್ತರ ಇನ್ನು ದಿನಾ ಬದಲಾಯಿಸುವ ಕೆಲಸ ಇಲ್ಲವಲ್ಲ.

ಕೇಬಲ್ ಬಿಗಿ ನೋಡುವುದು ಹೀಗೆ. ಲಿವರ್ ಒತ್ತಿದಾಗ ಮೊದಲ ಒಂದೆರಡು ಮಿಲಿಮೀಟರ್ ಸಡಿಲ ಇರಬೇಕು. ಸಡಿಲ ಜಾಸ್ತಿಯಾದರೆ ಒಳಗಿನ ವಾಲ್ವ್ ಪೂರ್ತಿ ತೆರೆಯದೆ ಸೀಟು ಅಲುಗೋದಿಲ್ಲ. ಬಿಗಿ ಜಾಸ್ತಿಯಾದರೆ ವಾಲ್ವ್ ಪೂರ್ತಿ ಮುಚ್ಚದೆ, ಕೂತ ಸೀಟು ತಾನೇ ಮೆಲ್ಲಗೆ ಇಳಿಯುತ್ತಾ ಹೋಗುತ್ತದೆ. ಲಿವರ್ ಹತ್ತಿರ ಕೇಬಲ್ ಬಿಗಿ ಹೊಂದಿಸುವ ತಿರುಪು, ಅಂದರೆ ಬ್ಯಾರೆಲ್ ಅಡ್ಜಸ್ಟರ್, ಅರ್ಧರ್ಧ ಸುತ್ತು ತಿರುಗಿಸಿ ಸರಿ ಮಾಡಿ.

ಸೈಕಲ್ ಕೊಡುವಾಗ ಕೆಲವು ಮಾತು ಹೇಳಿಯೇ ಕಳಿಸುತ್ತೇನೆ. ಸೀಟಿನ ಮೂತಿ ಹಿಡಿದು ಅಲ್ಲಾಡಿಸಿದರೆ ಕೂದಲೆಳೆಯಷ್ಟು ಪಕ್ಕಕ್ಕೆ ಆಡುತ್ತದೆ, ಹೊಸ ಪೋಸ್ಟಿನಲ್ಲೂ ಅದು ಸಹಜ, ಗಾಬರಿ ಬೇಡ. ಸೀಟು ಕೆಳಗಿರುವಾಗ ಅದನ್ನೇ ಹಿಡಿದು ಸೈಕಲ್ ಎತ್ತಬೇಡಿ, ಕೆಲವು ಹೈಡ್ರಾಲಿಕ್ ಪೋಸ್ಟುಗಳಲ್ಲಿ ಗಾಳಿ ಸೇರಿ ಸೀಟು ಸ್ಪಂಜಿನ ಹಾಗೆ ಕುಸಿಯುತ್ತದೆ. ನಮ್ಮ ಕೆಂಪು ಮಣ್ಣಿನ ಧೂಳು ನಯವಾಗಿರುತ್ತದೆ, ಕಾಲರ್ ಹತ್ತಿರದ ರಬ್ಬರಿಗೆ ಅಂಟಿ ಒಳಗೆ ಹೋಗುತ್ತದೆ. ಪ್ರತಿ ರೈಡ್ ಆದ ಮೇಲೆ ಹೊಳೆಯುವ ಕೊಳವೆಯನ್ನು ಒಣ ಬಟ್ಟೆಯಲ್ಲಿ ಒರೆಸಿ. ವಾಟರ್ ಸರ್ವಿಸ್‌ನವರಿಗೆ ಆ ರಬ್ಬರಿನ ಮೇಲೆ ಜೋರು ನೀರು ಬಿಡಬೇಡಿ ಅಂತ ಹೇಳಿ. ಸ್ಟ್ಯಾಂಡಿಗೆ ಹಾಕುವಾಗಲೂ ಆ ಹೊಳೆಯುವ ಭಾಗವನ್ನು ಕ್ಲ್ಯಾಂಪಿನಲ್ಲಿ ಹಿಡಿಸಬೇಡಿ, ಗೀರು ಬಿದ್ದರೆ ಸೀಲ್ ಹರಿಯುತ್ತದೆ.

ಪೋಸ್ಟ್ ನಿಂತ ಎತ್ತರಕ್ಕೆ ಸಣ್ಣ ಟೇಪ್ ಗುರುತು ಹಾಕಿ, ಆ ಅಳತೆ ಮತ್ತು ಕ್ಲ್ಯಾಂಪಿನ ಬಿಗಿ ಎರಡನ್ನೂ ಜಾಬ್ ಕಾರ್ಡಿನಲ್ಲಿ ಬರೆದಿಡುತ್ತೇನೆ. ಮುಂದೆ ಬೇರೆ ಯಾರೇ ಬಿಚ್ಚಿದರೂ ಅದೇ ಜಾಗಕ್ಕೆ ಕೂರಿಸಬಹುದು. ಹೊಸ ಔಟರ್ ಒಂದಿಷ್ಟು ರೈಡ್ ಆದ ಮೇಲೆ ಕ್ಯಾಪುಗಳೊಳಗೆ ಕೂತು ಕೇಬಲ್ ಸ್ವಲ್ಪ ಸಡಿಲ ಆಗೇ ಆಗುತ್ತದೆ. ಒಂದು ತಿಂಗಳು ಬಿಟ್ಟು ಬನ್ನಿ, ಬ್ಯಾರೆಲ್ ತಿರುಗಿಸಿಕೊಡುತ್ತೇನೆ, ಅದಕ್ಕೆ ದುಡ್ಡು ಬೇಡ ಅಂತ ಹೇಳಿ ಕಳಿಸುತ್ತೇನೆ.