ಹೂಂ ಅಂದ್ರಾ, ಊಹೂಂ ಅಂದ್ರಾ? ಇಸ್ತಾಂಬುಲ್‌ನಿಂದ ಥೆಸಲೋನಿಕಿವರೆಗೆ

ಟರ್ಕಿಯ ಇಸ್ತಾಂಬುಲ್‌ಗೆ ಹೋದ ಮೊದಲನೇ ದಿನ ಸಂಜೆ ಕಡಿಕೊಯ್ ಕಡೆ ಒಂದು ಚಿಕ್ಕ ಅಂಗಡಿಗೆ ಹೋಗಿ ಹಾಲು ಇದ್ಯಾ ಅಂತ ಕೇಳಿದೆ. ಫೋನಲ್ಲಿ ನೋಡಿ ಕಲ್ತಿದ್ದೆ, "ಸ್ಯೂತ್ ವಾರ್ ಮಿ?" ಅಂತ. ಅಂಗಡಿಯವರು ಬಾಯೇ ಬಿಡ್ಲಿಲ್ಲ, ಎರಡೂ ಹುಬ್ಬು ಮೇಲೆತ್ತಿ, ಗದ್ದ ಒಂಚೂರು ಎತ್ತಿ, ನಾಲಿಗೆಯಲ್ಲಿ ಲೊಚ್ ಅಂತ ಒಂದು ಸದ್ದು ಮಾಡಿದ್ರು ಅಷ್ಟೇ. ನಮ್ಮ ಕಡೆ ಹಾಗೆ ಹುಬ್ಬೆತ್ತಿದ್ರೆ "ಏನು?" ಅಂತ ತಾನೇ ಅರ್ಥ, ಸರಿ ಕೇಳಿಸ್ಲಿಲ್ವೇನೋ ಅಂತ ಇನ್ನೊಂದ್ಸಲ ಕೇಳಿದೆ, ಮತ್ತೆ ಹುಬ್ಬು, ಮತ್ತೆ ಲೊಚ್. ಮೂರನೇ ಸಲ ಅವರೇ "ಯೋಕ್" ಅಂದ್ರು. ಇಲ್ಲ. ವಾರ್ ಅಂದ್ರೆ ಇದೆ, ಯೋಕ್ ಅಂದ್ರೆ ಇಲ್ಲ, ಈ ಜೋಡಿ ನಮ್ಮ ಇದೆ-ಇಲ್ಲದ ಥರಾನೇ ಇದೆಯಲ್ಲ ಅಂತ ಆವಾಗ್ಲೇ ಖುಷಿ ಆಯ್ತು. ಆದ್ರೆ ಆ ಲೊಚ್! ನಾವು ಲೊಚಗುಟ್ಟೋದು ಅಯ್ಯೋ ಪಾಪ ಅನ್ನೋಕೆ, ಇಲ್ಲಾಂದ್ರೆ ಬೇಜಾರಾದಾಗ. ಅಲ್ಲಿ ಅದು ಪೂರ್ತಿ ಒಂದು ಉತ್ತರ, ಅದ್ರಲ್ಲಿ ಒರಟುತನ ಏನೂ ಇಲ್ಲ.

ನಾನು ಅನುವಾದದ ಕೆಲ್ಸ ಮಾಡೋಳು, ಹಾಗಾಗಿ ಇಂಥದ್ದು ಕಣ್ಣಿಗೆ ಬಿದ್ರೆ ಬಿಡೋಕಾಗಲ್ಲ. ಇಂಗ್ಲಿಷಲ್ಲಿ ತಲೆ ಮೇಲೆ ಕೆಳಗೆ ಆಡಿಸೋದಕ್ಕೆ ಒಂದು ಪದ, ಅಕ್ಕಪಕ್ಕ ಆಡಿಸೋದಕ್ಕೆ ಇನ್ನೊಂದು. ಕನ್ನಡದಲ್ಲಿ "ಅವನು ತಲೆಯಾಡಿಸಿದ" ಅಂತ ಬರೆದ್ರೆ ಒಪ್ಪಿದ್ನೋ ಬಿಟ್ನೋ ಗೊತ್ತಾಗಲ್ಲ, "ಹೌದೆಂಬಂತೆ", "ಇಲ್ಲವೆಂಬಂತೆ" ಅಂತ ಮುಂದೆ ಸೇರಿಸ್ಲೇಬೇಕು. ಇದು ನಮ್ಮ ಭಾಷೆಯ ಕೊರತೆ ಅಂತ ವರ್ಷಗಟ್ಲೆ ಅನ್ಕೊಂಡಿದ್ದೆ. ಟರ್ಕಿಶ್‌ನಲ್ಲೂ ಹೀಗೇನೇ ಅಂತ ಗೊತ್ತಾಗಿದ್ದು ಈ ಟ್ರಿಪ್ಪಲ್ಲಿ. ಅವರೂ ಬರೆಯೋದು "ಹೌದು ಅನ್ನೋ ಅರ್ಥದಲ್ಲಿ ತಲೆ ಆಡಿಸಿದ" ಅಂತ. ಒಂದೇ ಕ್ರಿಯಾಪದ, ಅರ್ಥ ಪಕ್ಕದಲ್ಲಿ ಬೇರೆ.

ಇಸ್ತಾಂಬುಲ್‌ನಿಂದ ರಾತ್ರಿ ರೈಲು. ಊರಾಚೆ ಹಲ್ಕಲಿ ಸ್ಟೇಷನ್ನಿಂದ ಹೊರಡುತ್ತೆ, ಕಪಿಕುಲೆ ಬಾರ್ಡರಲ್ಲಿ ಅರ್ಧರಾತ್ರಿ ಎಬ್ಬಿಸಿ ಕೆಳಗಿಳಿಸಿ ಪಾಸ್‌ಪೋರ್ಟ್ ನೋಡ್ತಾರೆ, ಚಳಿ, ನಿದ್ದೆಗಣ್ಣು. ಬೆಳಿಗ್ಗೆ ಬಲ್ಗೇರಿಯಾದ ಪ್ಲೊವ್ದಿವ್‌ನಲ್ಲಿ ಇಳ್ಕೊಂಡ್ವಿ, ನಾನು ಮತ್ತೆ ನಮ್ಮಕ್ಕ. ಗುಡ್ಡದ ಮೇಲೆ ರೋಮನ್ನರ ಕಾಲದ ಬಯಲು ರಂಗಮಂದಿರ ಇರೋ ಊರು ಅದು, ಮಧ್ಯಾಹ್ನ ಅಲ್ಲೇ ಕಲ್ಲಿನ ಮೆಟ್ಟಿಲ ಮೇಲೆ ಕೂತಿದ್ವಿ. ಆದ್ರೆ ನಂಗೆ ಹೇಳ್ಬೇಕಾಗಿರೋದು ಸ್ಟೇಷನ್ ಹತ್ರದ ಬೇಕರಿ ವಿಷ್ಯ.

ಬಾನಿತ್ಸಾ ಅಂತ ಒಂದು ತಿಂಡಿ, ಪದರ ಪದರವಾಗಿ ಹಿಟ್ಟು, ಮಧ್ಯೆ ಸಿರೆನೆ ಅನ್ನೋ ಬಿಳಿ ಚೀಸು, ಬಿಸಿಬಿಸಿ. ಪಕ್ಕದ ಟ್ರೇಯಲ್ಲಿ ನೋಡೋಕೆ ಅದೇ ಥರದ್ದು ಇನ್ನೊಂದಿತ್ತು. ನಾವು ಮಾಂಸ ತಿನ್ನಲ್ಲ, ಅದಕ್ಕೆ ಅದನ್ನ ತೋರಿಸಿ "ಮೆಸೊ?" ಅಂದೆ. ಮೆಸೊ ಅಂದ್ರೆ ಮಾಂಸ. ಬೇಕರಿ ಅಜ್ಜಿ ನಗ್ತಾ ತಲೆಯನ್ನ ನಿಧಾನಕ್ಕೆ ಆ ಕಡೆ ಈ ಕಡೆ ಆಡಿಸಿದ್ರು. ಅಕ್ಕ ಪರ್ಸ್ ತೆಗೆದೇಬಿಟ್ಲು, "ಇಲ್ವಂತೆ ಕಣೇ, ತಗೊಳೇ ಎರಡು" ಅಂತ. ನಾನು ಓದಿಕೊಂಡು ಹೋಗಿದ್ದೆ, ಬಲ್ಗೇರಿಯಾದಲ್ಲಿ ಅಕ್ಕಪಕ್ಕ ಆಡಿಸಿದ್ರೆ ಹೌದು, ಗದ್ದ ಮೇಲೆತ್ತಿದ್ರೆ ಇಲ್ಲ ಅಂತ, ಆದ್ರೂ ಆ ಕ್ಷಣಕ್ಕೆ ನಂಗೂ ಅನುಮಾನ ಬಂತು, ಯಾಕಂದ್ರೆ ಹೊರಗಿನವರು ಅಂತ ಗೊತ್ತಾದ್ರೆ ಎಷ್ಟೋ ಜನ ನಮಗೋಸ್ಕರ ಉಲ್ಟಾ ಮಾಡ್ತಾರೆ, ಯಾವ ಲೆಕ್ಕದಲ್ಲಿ ಆಡಿಸಿದ್ರೋ ಹೆಂಗೆ ಹೇಳೋದು. ಅಜ್ಜಿಗೆ ನಮ್ಮ ಮುಖ ನೋಡೇ ಅರ್ಥ ಆಯ್ತು ಅನ್ಸುತ್ತೆ. ಕೌಂಟರ್ ಮೇಲಿಂದ ಕೈ ಚಾಚಿ ಅಕ್ಕನ ಮಣಿಕಟ್ಟು ಹಿಡ್ಕೊಂಡ್ರು, ಆ ಟ್ರೇ ತೋರಿಸಿ "ಇಮಾ ಮೆಸೊ" ಅಂದ್ರು, ಚೀಸಿನದ್ದನ್ನ ತೋರಿಸಿ "ನ್ಯಾಮಾ" ಅಂದ್ರು. ಇಮಾ, ನ್ಯಾಮಾ. ಇದೆ, ಇಲ್ಲ. ಇಲ್ಲೂ ಅದೇ ಜೋಡಿ! ಅವರ ಬೆರಳಿಗೆಲ್ಲ ಹಿಟ್ಟು ಮೆತ್ತಿತ್ತು, ಅಕ್ಕನ ಬಳೆಗೂ ಅಂಟ್ಕೊಂಡಿತ್ತು. ಅಕ್ಕ ಸಮಾಧಾನದಲ್ಲಿ ನಮ್ಮೂರಲ್ಲಿ "ಆಯ್ತಾಯ್ತು" ಅನ್ನೋವಾಗ ತಲೆ ಓಲಾಡಿಸ್ತೀವಲ್ಲ ಹಾಗೆ ಓಲಾಡಿಸಿದ್ಲು, ಅಜ್ಜಿಯೂ ಅದೇ ಥರ ಓಲಾಡಿಸಿದ್ರು. ಇಬ್ಬರ ತಲೇನೂ ಒಂದೇ ಲಯದಲ್ಲಿ ಆಡ್ತಿತ್ತು, ಆ ದೃಶ್ಯ ನಾನು ಮರೆಯಲ್ಲ. ದೆಹಲಿಯವರೇ ನಮ್ಮ ಓಲಾಟ ನೋಡಿ ಹೌದೋ ಅಲ್ವೋ ಅಂತ ಕೇಳ್ತಾರೆ, ಇಲ್ಲಿ ಕೇಳೋ ಅಗತ್ಯಾನೇ ಬರ್ಲಿಲ್ಲ.

ಯಾಕೆ ಹೀಗೆ ಅಂತ ಕೇಳಿದ್ರೆ ಅಲ್ಲಿಯವರು ಒಂದು ಕಥೆ ಹೇಳ್ತಾರೆ, ಹಿಂದೆ ಬಲ್ಗೇರಿಯಾನ ಆಳ್ತಿದ್ದ ಟರ್ಕಿಯ ಆಟೋಮನ್ನರು ಕುತ್ತಿಗೆಗೆ ಕತ್ತಿ ಹಿಡಿದು ಧರ್ಮ ಬಿಡ್ತೀಯಾ ಅಂತ ಕೇಳ್ತಿದ್ರಂತೆ, ಅದಕ್ಕೆ ಜನ ಹೌದು-ಇಲ್ಲ ಅದಲು ಬದಲು ಮಾಡ್ಕೊಂಡ್ರಂತೆ. ಕಥೆ ಚೆನ್ನಾಗಿದೆ, ಆದ್ರೆ ನಂಗೆ ನಂಬಿಕೆ ಇಲ್ಲ, ಗದ್ದ ಎತ್ತಿ ಇಲ್ಲ ಅನ್ನೋದು ಟರ್ಕಿಯವರಲ್ಲೂ ಇದೆ, ಗ್ರೀಕರಲ್ಲೂ ಇದೆ. ಗಟ್ಟಿಯಾದ ವಿಷ್ಯ ಅಂದ್ರೆ ಭಾಷಾವಿಜ್ಞಾನಿ ರೋಮನ್ ಯಾಕಬ್‌ಸನ್ ಬರೆದಿರೋದು. 1877-78ರ ರಷ್ಯಾ-ಟರ್ಕಿ ಯುದ್ಧದಲ್ಲಿ ಬಲ್ಗೇರಿಯಾಕ್ಕೆ ಬಂದ ರಷ್ಯನ್ ಸೈನಿಕರಿಗೆ ಈ ತಲೆಯಾಟದಿಂದ ಗೊಂದಲ ಆಯ್ತು. ಅವರು ಸ್ಥಳೀಯರ ಥರ ಆಡಿಸೋಕೆ ಕಲಿತ ಮೇಲೂ, ಈ ಸೈನಿಕ ಈಗ ತನ್ನ ಲೆಕ್ಕದಲ್ಲಿ ಆಡಿಸಿದ್ನಾ ನಮ್ಮ ಲೆಕ್ಕದಲ್ಲಾ ಅನ್ನೋ ಅನುಮಾನ ಊರವರಿಗೆ ಉಳೀತು. ಬೇಕರಿ ಮುಂದೆ ನಂಗೆ ಬಂದಿದ್ದು ಅದೇ ಅನುಮಾನ.

ಸೋಫಿಯಾದಲ್ಲಿ ಎರಡು ದಿನ ಇದ್ದು ಬಸ್ಸಲ್ಲಿ ಗ್ರೀಸ್‌ನ ಥೆಸಲೋನಿಕಿಗೆ ಬಂದ್ವಿ. ಅಷ್ಟೊತ್ತಿಗೆ ಅಕ್ಕ ಬಲ್ಗೇರಿಯನ್ ಕಲ್ತುಬಿಟ್ಟಿದ್ಲು, ದಾ ಅಂದ್ರೆ ಹೌದು, ನೆ ಅಂದ್ರೆ ಇಲ್ಲ. ಬಸ್ ಸ್ಟ್ಯಾಂಡ್ ಕೌಂಟರಲ್ಲಿ ಅಥೆನ್ಸ್‌ಗೆ ಟಿಕೆಟ್ ಸಿಗುತ್ತಾ ಅಂತ ಕೇಳಿದ್ದಕ್ಕೆ ಅಲ್ಲಿದ್ದವರು "ನೆ, ನೆ" ಅಂದ್ರು, ಅಕ್ಕ ಬ್ಯಾಗ್ ಎತ್ಕೊಂಡು ಹೊರಟೇಬಿಟ್ಲು. "ಅಕ್ಕಾ, ಗ್ರೀಕಲ್ಲಿ ನೆ ಅಂದ್ರೆ ಹೌದು, ಬಾ ಇಲ್ಲಿ" ಅಂತ ಕರೆದೆ. ಟರ್ಕಿಶ್‌ನಲ್ಲಿ ನೆ ಅಂದ್ರೆ ಏನು, ಬಲ್ಗೇರಿಯನ್‌ನಲ್ಲಿ ಇಲ್ಲ, ಗ್ರೀಕ್‌ನಲ್ಲಿ ಹೌದು, ಮೂರೂ ಅಕ್ಕಪಕ್ಕದ ದೇಶಗಳು.

ಅವತ್ತು ರಾತ್ರಿ ಸಮುದ್ರದ ಪಕ್ಕ ಕೂತಿದ್ದಾಗ ನೆನಪಾಗಿದ್ದು ಹಳೇ ಗ್ರೀಕ್ ಮಹಾಕಾವ್ಯ ಇಲಿಯಡ್. ಆರನೇ ಕಾಂಡದಲ್ಲಿ ಟ್ರಾಯ್ ಹೆಂಗಸರು ಒಂದು ಒಳ್ಳೆ ಸೀರೆಯಂಥ ಉಡುಪು ತಂದು ಅಥೆನಾ ದೇವಿಯ ವಿಗ್ರಹದ ತೊಡೆ ಮೇಲಿಟ್ಟು ಊರು ಕಾಪಾಡು ತಾಯಿ ಅಂತ ಬೇಡ್ಕೊಳ್ತಾರೆ. ಅದಕ್ಕೆ ಅವಳ ಉತ್ತರ ಒಂದೇ ಪದ, ಅನೆನೆವೆ. ತಲೆ ಮೇಲಕ್ಕೆತ್ತಿ ಒಲ್ಲೆ ಅಂದ್ಲು ಅಂತ. ಒಪ್ಪೋದಕ್ಕೆ ತಲೆ ಕೆಳಗೆ ಮಾಡೋ ಬೇರೆ ಕ್ರಿಯಾಪದಾನೇ ಇತ್ತು ಅವರಿಗೆ. ಅಂದ್ರೆ ಇಸ್ತಾಂಬುಲ್ ಅಂಗಡಿಯವರ ಆ ಗದ್ದಕ್ಕೆ ಎರಡೂವರೆ ಸಾವಿರ ವರ್ಷಕ್ಕಿಂತ ಹೆಚ್ಚಿನ ವಯಸ್ಸು.

ಇದನ್ನ ಕನ್ನಡಕ್ಕೆ ಹೇಗೆ ತರೋದು? "ತಲೆ ಎತ್ತಿದಳು" ಅಂದ್ರೆ ನಮ್ಮಲ್ಲಿ ಹೆಮ್ಮೆ ಆಗುತ್ತೆ, "ತಲೆ ಕೊಡವಿದಳು" ಅಂದ್ರೆ ಸಿಟ್ಟು, "ಇಲ್ಲವೆಂದು ತಲೆಯಾಡಿಸಿದಳು" ಅಂದ್ರೆ ಓದೋರ ಮನಸ್ಸಲ್ಲಿ ತಲೆ ಅಕ್ಕಪಕ್ಕ ಆಡುತ್ತೆ, ಅಲ್ಲಿ ಹಾಗೆ ಆಡೇ ಇಲ್ಲ. ಅಕ್ಕನ್ನ ಕೇಳಿದೆ. ಅವಳು ಸ್ವಲ್ಪ ಹೊತ್ತು ಯೋಚ್ನೆ ಮಾಡಿ, ಆ ಅಂಗಡಿಯವರ ಥರಾನೇ ಹುಬ್ಬೆತ್ತಿ ಮಾಡಿ ನೋಡ್ಕೊಂಡು, "ಒಲ್ಲೆ ಅಂತ ಗದ್ದ ಎತ್ತಿದಳು ಅಂತ ಬರಿ" ಅಂದ್ಲು. ಹಾಗೇ ಬರ್ಕೊಂಡೆ.