ಕೊರ್ಫುವಿನ ಈಸ್ಟರ್‌ಗೆ ಹೊರಡುವವರು ಯಾವ ಪಂಚಾಂಗ ನೋಡಬೇಕು?

ಗ್ರೀಸ್‌ನ ಈಸ್ಟರ್ ನೋಡಬೇಕೆಂದು ಹೊರಟವರು ಮನೆಯ ಗೋಡೆಯ ಕ್ಯಾಲೆಂಡರನ್ನೋ ಮೊಬೈಲನ್ನೋ ನೋಡಿ ವಿಮಾನದ ಟಿಕೆಟ್ ತೆಗೆಯಬಾರದು. ಅವುಗಳಲ್ಲಿರುವುದು ರೋಮ್ ಲೆಕ್ಕದ ಈಸ್ಟರ್. ಗ್ರೀಸ್‌ನ ಲೆಕ್ಕ ಬೇರೆ. ನಾವು ಹೋದ 2024ರಲ್ಲಿ ಮಂಗಳೂರು, ಬೆಂಗಳೂರಿನ ಚರ್ಚುಗಳಲ್ಲಿ ಮಾರ್ಚ್ 31ಕ್ಕೇ ಈಸ್ಟರ್ ಮುಗಿದಿತ್ತು. ಕೊರ್ಫು ದ್ವೀಪದಲ್ಲಿ ಅದು ಬಂದದ್ದು ಮೇ 5ಕ್ಕೆ, ಐದು ವಾರ ತಡವಾಗಿ. ನಾವು ವಿಚಾರಿಸಿದ ಟ್ರಾವೆಲ್ ಏಜೆಂಟರೊಬ್ಬರು ಮಾರ್ಚ್ ಕೊನೆಯ ವಾರಕ್ಕೇ ‘ಗ್ರೀಕ್ ಈಸ್ಟರ್ ವಿಶೇಷ’ ಎಂಬ ಪ್ಯಾಕೇಜನ್ನು ಮುಂದಿಟ್ಟಿದ್ದರು. ಆ ವಾರ ಗ್ರೀಸ್‌ನಲ್ಲಿ ಈಸ್ಟರ್‌ಗೆ ಮುಂಚಿನ ಉಪವಾಸದ ಅವಧಿಯಾದ ತಪಸ್ಸುಕಾಲ ಶುರುವಾಗಿ ಎರಡು ವಾರವಷ್ಟೇ ಆಗಿರುತ್ತಿತ್ತು. ಹಬ್ಬ ನೋಡಲು ಹೋದವರಿಗೆ ಉಪವಾಸ ಕಾಣಿಸುತ್ತಿತ್ತು.

ನಮ್ಮ ಗುಂಪಿನಲ್ಲಿ ನಾನು, ನನ್ನ ಹೆಂಡತಿ, ಅತ್ತೆ ಮತ್ತು ಮಂಗಳೂರಿನ ಕ್ಯಾಥೊಲಿಕ್ ಗೆಳೆಯ ದಂಪತಿ ಇದ್ದೆವು. ಗೆಳೆಯರ ಮನೆಯಲ್ಲಿ ಈಸ್ಟರ್ ಊಟ ಮಾಡಿದ ಮೇಲೆಯೇ ಇನ್ನೊಂದು ಈಸ್ಟರ್‌ಗೆ ಎಲ್ಲರೂ ಸೇರಿ ಹೊರಟೆವು.

ಎರಡು ದಿನಾಂಕ ಏಕೆ ಎಂಬುದು ಪ್ರಯಾಣಿಕನಿಗೆ ತಿಳಿದಿರಲೇಬೇಕು. ತಿಳಿದಿದ್ದರೆ ಯಾವ ವರ್ಷ ಹೋಗುವುದು ಲಾಭ ಎಂದು ಮನೆಯಲ್ಲೇ ಕುಳಿತು ಲೆಕ್ಕ ಹಾಕಬಹುದು. ಸೂತ್ರ ಇಬ್ಬರಿಗೂ ಒಂದೇ: ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆ ಕಳೆದ ಮೇಲಿನ ಭಾನುವಾರ. ಜಗಳವಿರುವುದು ಮಾರ್ಚ್ 21 ಎಂದರೆ ಯಾವತ್ತು, ಹುಣ್ಣಿಮೆ ಎಂದರೆ ಯಾವತ್ತು ಎಂಬುದರಲ್ಲಿ. 1582ರಲ್ಲಿ ಪೋಪ್ 13ನೆಯ ಗ್ರೆಗೊರಿ ಕ್ಯಾಲೆಂಡರ್ ತಿದ್ದಿಸಿದಾಗ ಅಕ್ಟೋಬರ್ 4ರ ಮರುದಿನವೇ ಅಕ್ಟೋಬರ್ 15 ಬಂತು. ಗ್ರೀಸ್‌ನದೂ ಸೇರಿದಂತೆ ಪೋಪ್ ಅಧೀನದಲ್ಲಿಲ್ಲದ ಆರ್ಥಡಾಕ್ಸ್ ಸಭೆಗಳು (ಚರ್ಚುಗಳು) ಇದನ್ನು ಒಪ್ಪಲಿಲ್ಲ. ಹಳೆಯ ಜೂಲಿಯನ್ ಕ್ಯಾಲೆಂಡರ್ ಈಗ 13 ದಿನ ಹಿಂದಿದೆ. ಅದರ ಮಾರ್ಚ್ 21 ನಮಗೆ ಏಪ್ರಿಲ್ 3. ಗ್ರೀಸ್ ಸರ್ಕಾರ 1923ರಲ್ಲಿ ಹೊಸ ಕ್ಯಾಲೆಂಡರಿಗೆ ಬಂತು, ಅಲ್ಲಿನ ಚರ್ಚು ಮರುವರ್ಷ ತನ್ನ ನಿಗದಿತ ಹಬ್ಬಗಳನ್ನು ಬದಲಿಸಿಕೊಂಡಿತು. ಹಾಗಾಗಿ ಗ್ರೀಸ್‌ನಲ್ಲಿ ಕ್ರಿಸ್‌ಮಸ್ ಡಿಸೆಂಬರ್ 25ಕ್ಕೇ. ಈಸ್ಟರ್ ಮತ್ತು ಅದನ್ನು ಹಿಡಿದುಕೊಂಡು ಬರುವ ಹಬ್ಬಗಳು ಮಾತ್ರ ಹಳೆಯ ಲೆಕ್ಕದಲ್ಲೇ ಉಳಿದವು.

ಇನ್ನೊಂದು ತೊಡಕು ಹುಣ್ಣಿಮೆಯದು. ಎರಡೂ ಕಡೆ ಆಕಾಶದ ಚಂದ್ರನನ್ನು ಯಾರೂ ನೋಡುವುದಿಲ್ಲ, 19 ವರ್ಷಗಳ ಆವರ್ತದ ಕೋಷ್ಟಕ ನೋಡುತ್ತಾರೆ. ರೋಮ್‌ನವರು ಕೋಷ್ಟಕವನ್ನೂ ತಿದ್ದಿಕೊಂಡರು. ಹಳೆಯ ಕೋಷ್ಟಕದ ಹುಣ್ಣಿಮೆ ನಿಜವಾದ ಹುಣ್ಣಿಮೆಗಿಂತ ನಾಲ್ಕೈದು ದಿನ ತಡ.

2024ನ್ನೇ ತೆಗೆದುಕೊಳ್ಳಿ. ಹೋಳಿ ಹುಣ್ಣಿಮೆ ಮಾರ್ಚ್ 25ಕ್ಕೆ ಇತ್ತು. ರೋಮ್ ಲೆಕ್ಕಕ್ಕೆ ಅದೇ ಸಾಕಾಯಿತು. ಮುಂದಿನ ಭಾನುವಾರ ಈಸ್ಟರ್. ಗ್ರೀಕರಿಗೆ ಅದು ಇನ್ನೂ ಮಾರ್ಚ್ 21 ಆಗದ ಕಾಲದ ಹುಣ್ಣಿಮೆ, ಲೆಕ್ಕಕ್ಕಿಲ್ಲ. ಮುಂದಿನದು ಏಪ್ರಿಲ್ 23ರ ದವನದ ಹುಣ್ಣಿಮೆ. ಆದರೆ ಹಳೆಯ ಕೋಷ್ಟಕ ಆ ಹುಣ್ಣಿಮೆಯನ್ನು ಏಪ್ರಿಲ್ 28ಕ್ಕೆ ತೋರಿಸುತ್ತದೆ. ಅಂದು ಭಾನುವಾರ. ಹುಣ್ಣಿಮೆಯ ದಿನವೇ ಈಸ್ಟರ್ ಮಾಡುವಂತಿಲ್ಲವಾದ್ದರಿಂದ ಮತ್ತೊಂದು ವಾರ ಸರಿದು ಮೇ 5ಕ್ಕೆ ಹೋಯಿತು. ಸ್ಮಾರ್ತರ ಏಕಾದಶಿ ಇಂದು, ಮಾಧ್ವರದ್ದು ನಾಳೆ ಎಂಬುದನ್ನು ಒಂದೇ ಬೀದಿಯಲ್ಲಿ ನೋಡಿ ಬೆಳೆದ ನಮಗೆ ಇದು ವಿಚಿತ್ರವೆನಿಸಬೇಕಿಲ್ಲ. ಯೆಹೂದ್ಯರ ಪಾಸೋವರ್ ಮುಗಿಯಲೆಂದು ಆರ್ಥಡಾಕ್ಸರು ಕಾಯುತ್ತಾರೆ ಎಂದು ಕೆಲವು ಗೈಡ್‌ಗಳು ಹೇಳುತ್ತಾರೆ. ಕೇಳಲು ಚೆನ್ನಾಗಿದೆ, ಆದರೆ ದಿನಾಂಕವನ್ನು ತೀರ್ಮಾನಿಸುವುದು ಹಳೆಯ ಕೋಷ್ಟಕವೇ.

ನಮ್ಮ ಪಂಚಾಂಗ ಕೈಯಲ್ಲಿದ್ದರೆ ಒಂದು ಕೈಲೆಕ್ಕ ಸಾಧ್ಯ. ಹೋಳಿ ಹುಣ್ಣಿಮೆ ಮಾರ್ಚ್ 22 ಅಥವಾ ಅದರಾಚೆಗೆ ಬಿದ್ದ ವರ್ಷ ಎರಡು ಈಸ್ಟರ್‌ಗಳ ನಡುವೆ ನಾಲ್ಕೋ ಐದೋ ವಾರದ ಅಂತರವಿರುತ್ತದೆ. ಉಳಿದ ವರ್ಷಗಳಲ್ಲಿ ಎರಡೂ ಒಂದೇ ದಿನ ಅಥವಾ ಒಂದು ವಾರದ ಅಂತರ. ಎರಡು, ಮೂರು ವಾರದ ಅಂತರ ಬರುವುದಿಲ್ಲ. ಗ್ರೀಕರ ಈಸ್ಟರ್ ಮೊದಲು ಬರುವುದೂ ಇಲ್ಲ. 2025ರಲ್ಲಿ ಎರಡೂ ಏಪ್ರಿಲ್ 20ಕ್ಕೆ. 2026ರಲ್ಲಿ ಏಪ್ರಿಲ್ 5 ಮತ್ತು 12. 2027ರಲ್ಲಿ ಮತ್ತೆ ದೊಡ್ಡ ಅಂತರ: ಮಾರ್ಚ್ 28 ಮತ್ತು ಮೇ 2. 2028ರಲ್ಲಿ ಎರಡೂ ಏಪ್ರಿಲ್ 16ಕ್ಕೆ. 2029ರಲ್ಲಿ ಏಪ್ರಿಲ್ 1 ಮತ್ತು 8.

ನನ್ನನ್ನು ಕೇಳಿದರೆ ದೊಡ್ಡ ಅಂತರದ ವರ್ಷವನ್ನೇ ಆರಿಸಿಕೊಳ್ಳಿ. ಎರಡೂ ಒಂದೇ ದಿನ ಬಂದರೆ ಇಡೀ ಯುರೋಪಿನ ಶಾಲೆಗಳ ರಜೆ ಮತ್ತು ಗ್ರೀಕರು ಊರಿಗೆ ಮರಳುವ ನೂಕುನುಗ್ಗಲು ಒಟ್ಟಿಗೆ ಬಂದು ದರ ಏರುತ್ತದೆ. ಮೇ ತಿಂಗಳಾದರೆ ಹವೆಯೂ ಹಿತ. ಕೊರ್ಫು ಗ್ರೀಸ್‌ನಲ್ಲೇ ಹೆಚ್ಚು ಮಳೆ ಬೀಳುವ ಭಾಗದಲ್ಲಿದೆ. ಏಪ್ರಿಲ್ ಆರಂಭದಲ್ಲಿ ಹೋಗುವವರು ಕೊಡೆ, ಬೆಚ್ಚನೆಯ ಬಟ್ಟೆ ಒಯ್ಯಲೇಬೇಕು.

ಗ್ರೀಸ್‌ಗೆ ಬೇಕಾದ ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು, ತಡ ಮಾಡಬೇಡಿ. ಬೆಂಗಳೂರಿನಿಂದ ಕೊಲ್ಲಿಯ ಯಾವುದಾದರೂ ನಗರದ ಮೂಲಕ ಅಥೆನ್ಸ್, ಅಲ್ಲಿಂದ ಕೊರ್ಫುವಿಗೆ ಸುಮಾರು ಒಂದು ಗಂಟೆಯ ವಿಮಾನ. ಈಸ್ಟರ್‌ಗೆ ಮುಂಚಿನ ಪವಿತ್ರ ವಾರದಲ್ಲಿ ಈ ಕೊನೆಯ ತುಂಡಿನ ಟಿಕೆಟ್ಟೇ ಎಲ್ಲಕ್ಕಿಂತ ದುರ್ಲಭ, ಮೊದಲು ಅದನ್ನು ಹಿಡಿಯಿರಿ. ಸಿಗದಿದ್ದರೆ ಅಥೆನ್ಸ್‌ನಿಂದ ಬಸ್ಸಿದೆ. ಇಗುಮೆನಿತ್ಸಾ ಬಂದರಿನಲ್ಲಿ ದೋಣಿ ಹತ್ತಿ ದ್ವೀಪ ಸೇರಬೇಕು, ಹೆಚ್ಚುಕಡಿಮೆ ಇಡೀ ದಿನ ಹೋಗುತ್ತದೆ. ಹೋಟೆಲ್ ಬುಕ್ ಮಾಡುವಾಗ ‘ಈಸ್ಟರ್’ ಎಂದಷ್ಟೇ ಹೇಳದೆ ದಿನಾಂಕವನ್ನು ಬರೆದು ದೃಢಪಡಿಸಿಕೊಳ್ಳಿ. ಹಳೆಯ ಪಟ್ಟಣದ ಒಳಗೇ ಕೋಣೆ ಹಿಡಿದರೆ ಒಳ್ಳೆಯದು. ಮೆರವಣಿಗೆಗಳಿಂದಾಗಿ ಬೀದಿಗಳು ಮುಚ್ಚುವುದರಿಂದ ಟ್ಯಾಕ್ಸಿಯನ್ನು ನಂಬಿಕೊಳ್ಳುವಂತಿಲ್ಲ.

ಅಥೆನ್ಸ್‌ನಲ್ಲಿ ಒಂದೆರಡು ದಿನ ತಂಗುವವರು ಗಮನಿಸಿ: ಆಕ್ರೊಪೊಲಿಸ್ ಸೇರಿದಂತೆ ಪ್ರಾಚೀನ ತಾಣಗಳು ಆರ್ಥಡಾಕ್ಸ್ ಈಸ್ಟರ್ ಭಾನುವಾರ ಮುಚ್ಚಿರುತ್ತವೆ, ಶುಭ ಶುಕ್ರವಾರ ಮಧ್ಯಾಹ್ನದ ನಂತರವಷ್ಟೇ ತೆರೆಯುತ್ತವೆ. ಈಸ್ಟರ್ ತಾನು ಸರಿದಾಡುವುದಲ್ಲದೆ ಬೇರೆಯವನ್ನೂ ಸರಿಸುತ್ತದೆ. ಏಪ್ರಿಲ್ 23ರ ಸಂತ ಜಾರ್ಜ್ ಹಬ್ಬ ತಪಸ್ಸುಕಾಲದೊಳಗೆ ಬಿದ್ದರೆ ಈಸ್ಟರ್ ಮರುದಿನಕ್ಕೆ ಹೋಗುತ್ತದೆ. 2024ರಲ್ಲಿ ಕಾರ್ಮಿಕ ದಿನದ ರಜೆಯನ್ನೂ ಮೇ 1ರಿಂದ 7ಕ್ಕೆ ಸರಿಸಿದ್ದರು. 2027ರ ಮೇ 1 ಪವಿತ್ರ ಶನಿವಾರವೇ ಆಗುವುದರಿಂದ ಆ ವರ್ಷ ಹೋಗುವವರು ರಜೆಯ ಪ್ರಕಟಣೆಯನ್ನು ನೋಡಿಕೊಂಡು ದೋಣಿ, ಬಸ್ಸುಗಳನ್ನು ಗೊತ್ತುಮಾಡಿಕೊಳ್ಳಲಿ.

ಗ್ರೀಸ್‌ನಲ್ಲಿ ಇಷ್ಟೊಂದು ಊರುಗಳಿರುವಾಗ ಕೊರ್ಫುವೇ ಏಕೆ ಎಂದರೆ, ಇಲ್ಲಿನ ಪವಿತ್ರ ವಾರದ ಸಡಗರಕ್ಕೆ ಗ್ರೀಕರೇ ದೂರದೂರದಿಂದ ಬರುತ್ತಾರೆ. ನಾಲ್ಕು ಶತಮಾನ ವೆನಿಸ್‌ನ ಆಳ್ವಿಕೆಯಲ್ಲಿದ್ದ ದ್ವೀಪವಿದು. ಬೀದಿಗಳು, ಬ್ಯಾಂಡುಗಳು ಎಲ್ಲದರಲ್ಲೂ ಇಟಲಿಯ ಛಾಯೆ. ಊರಿನ ರಕ್ಷಕ ಸಂತ ಸ್ಪಿರಿಡಾನ್. ಎಲ್ಲರೂ ಒಂದೇ ದಿನ ಈಸ್ಟರ್ ಆಚರಿಸಬೇಕೆಂದು ತೀರ್ಮಾನಿಸಿದ 325ರ ನೈಸಿಯಾ ಮಹಾಸಭೆಯಲ್ಲಿ ಈ ಸಂತನೂ ಇದ್ದನೆಂಬುದು ಸಂಪ್ರದಾಯದ ನಂಬಿಕೆ. ಅವನ ಪಾರ್ಥಿವ ಶರೀರವಿರುವ ಚರ್ಚು ಪಟ್ಟಣದ ನಡುವೆಯೇ ಇದೆ. ಸಂತನನ್ನು ವರ್ಷಕ್ಕೆ ನಾಲ್ಕು ಬಾರಿ ಮೆರವಣಿಗೆಯಲ್ಲಿ ಹೊರತರುತ್ತಾರೆ. ಆಗಸ್ಟ್ 11ರದ್ದು ಮತ್ತು ನವೆಂಬರ್ ಮೊದಲ ಭಾನುವಾರದ್ದು ಈಸ್ಟರ್‌ಗೆ ಸಂಬಂಧಿಸಿದ್ದಲ್ಲ. ಈಸ್ಟರ್‌ಗೆ ಒಂದು ವಾರ ಮೊದಲಿನ ಗರಿಗಳ ಭಾನುವಾರದ್ದೂ ಪವಿತ್ರ ಶನಿವಾರದ್ದೂ ಈಸ್ಟರ್ ಜೊತೆ ಸರಿದಾಡುತ್ತವೆ.

ಶುಭ ಶುಕ್ರವಾರ ಮಧ್ಯಾಹ್ನದಿಂದ ರಾತ್ರಿಯವರೆಗೆ ಒಂದೊಂದು ಚರ್ಚಿನಿಂದಲೂ ಎಪಿಟಾಫಿಯೋಸ್ ಹೊರಡುತ್ತದೆ. ಕ್ರಿಸ್ತನ ಶವಸಂಸ್ಕಾರದ ಕಸೂತಿ ಚಿತ್ರವನ್ನು ಹೂವಿನಿಂದ ಸಿಂಗರಿಸಿದ ಚಟ್ಟದಲ್ಲಿಟ್ಟು ಹೊರುತ್ತಾರೆ. ಹಿಂದೆ ಊರಿನ ಬ್ಯಾಂಡುಗಳು ಶೋಕಗೀತೆ ನುಡಿಸುತ್ತವೆ. 1840ರಲ್ಲಿ ಸ್ಥಾಪನೆಯಾದ ಹಳೆಯ ಫಿಲ್‌ಹಾರ್ಮೋನಿಕ್‌ನವರದು ಕೆಂಪು ಸಮವಸ್ತ್ರ. ಎಲ್ಲ ಮೆರವಣಿಗೆಗಳನ್ನೂ ಬೆನ್ನಟ್ಟಬೇಡಿ. ಒಂದು ಮೂಲೆಯಲ್ಲಿ ನಿಲ್ಲಿ, ಅವೇ ನಿಮ್ಮ ಮುಂದೆ ಬರುತ್ತವೆ.

ಶನಿವಾರ ಬೆಳಿಗ್ಗೆ ಒಂಬತ್ತರ ಸುಮಾರಿಗೆ ಸಂತನ ಮೆರವಣಿಗೆ. ಹನ್ನೊಂದಕ್ಕೆ ಗಂಟೆ ಬಾರಿಸಿದ ಕೂಡಲೇ ಮಣ್ಣಿನ ಮಡಕೆಗಳನ್ನು ಬಾಲ್ಕನಿಗಳಿಂದ ಬೀದಿಗೆ ಎಸೆಯುತ್ತಾರೆ. ನಾವು ನಿಂತಿದ್ದ ಕಡೆ ಎದುರಿನ ಮೂರನೆಯ ಮಹಡಿಯಲ್ಲಿ ಇಬ್ಬರು ಹುಡುಗರು ಕೆಂಪು ರಿಬ್ಬನ್ ಕಟ್ಟಿದ, ಕುತ್ತಿಗೆಯವರೆಗೆ ನೀರು ತುಂಬಿದ ಕೊಡವೊಂದನ್ನು ಕಂಬಿಯ ಮೇಲೆ ಇಟ್ಟುಕೊಂಡು ತಬ್ಬಿ ಹಿಡಿದಿದ್ದರು. ಕೆಳಗಿನವರು ಕೂಗಿ ಹುರಿದುಂಬಿಸುತ್ತಿದ್ದರು. ಕೈಬಿಟ್ಟಾಗ ಅದು ಉರುಳದೆ ನೇರವಾಗಿ ಇಳಿಯಿತು. ಸದ್ದು ಕಿವಿಗಿಂತ ಮೊದಲು ಅಂಗಾಲಿಗೆ ತಾಗಿತು, ನೀರು ನಮ್ಮ ಮೊಣಕಾಲಿನವರೆಗೆ ಚಿಮ್ಮಿತು. ಅದೃಷ್ಟವೆಂದು ಜನ ಚೂರುಗಳನ್ನು ಆಯ್ದುಕೊಳ್ಳಲು ಮುಗಿಬಿದ್ದರು. ಕೆಂಪು ಬಟ್ಟೆ ಇಳಿಬಿಟ್ಟ ಬಾಲ್ಕನಿಗಳೆಲ್ಲ ಎಸೆಯುವ ಬಾಲ್ಕನಿಗಳೇ, ಅವುಗಳ ಕೆಳಗೆ ನಿಲ್ಲಬೇಡಿ. ಹಳೆಯ ಪಟ್ಟಣದ ಲಿಸ್ಟನ್ ಎಂಬ ಕಮಾನು ಸಾಲಿನ ಎದುರು ಮೈದಾನದ ಬದಿಯಲ್ಲಿ ಒಂಬತ್ತೂವರೆಯೊಳಗೆ ಜಾಗ ಹಿಡಿಯಿರಿ. ಕಾಲಿಗೆ ಚಪ್ಪಲಿ ಬೇಡ, ಶೂ ಇರಲಿ. ವಯಸ್ಸಾದವರನ್ನೂ ಚಿಕ್ಕ ಮಕ್ಕಳನ್ನೂ ಆ ನೂಕಾಟಕ್ಕೆ ಕರೆದೊಯ್ಯದಿರುವುದು ಮೇಲು.

ಅತ್ತೆಯವರು ಹೇಗೂ ಬರುವಂತಿರಲಿಲ್ಲ. ಆ ಶನಿವಾರ, ಮೇ 4, ನಮ್ಮ ಪಂಚಾಂಗದಲ್ಲಿ ಚೈತ್ರ ಬಹುಳ ಏಕಾದಶಿ, ಅವರದು ಉಪವಾಸ. ಕೋಣೆ ಕೊಟ್ಟ ಮನೆಯೊಡತಿಗೂ ಅಂದು ಪವಿತ್ರ ಶನಿವಾರದ ಕಟ್ಟುನಿಟ್ಟಿನ ಉಪವಾಸ. ಆಕೆ ಅತ್ತೆಯ ಮುಂದೆ ಬ್ರೆಡ್ಡು, ಆಲಿವ್ ಇಟ್ಟರು. ಅತ್ತೆ ಬ್ರೆಡ್ಡನ್ನು ಪಕ್ಕಕ್ಕೆ ಸರಿಸಿ ಹಾಲು ಸಿಕ್ಕೀತೇ ಎಂದರು. ಉಪವಾಸದಲ್ಲಿ ಹಾಲೇ ಎಂದು ಆಕೆಗೆ ಆಶ್ಚರ್ಯ, ಉಪವಾಸದಲ್ಲಿ ಬ್ರೆಡ್ಡೇ ಎಂದು ಇವರಿಗೆ. ಕೊನೆಗೆ ಇಬ್ಬರೂ ಕಿತ್ತಳೆ ಹಣ್ಣಿಗೆ ರಾಜಿಯಾದರು.

ಸಸ್ಯಾಹಾರಿಗಳಿಗೆ ದಿನಾಂಕದ ಲೆಕ್ಕ ಇನ್ನೂ ಮುಖ್ಯ. ಈಸ್ಟರ್‌ಗೆ 48 ದಿನ ಮೊದಲಿನ ‘ಶುದ್ಧ ಸೋಮವಾರ’ದಿಂದ ತಪಸ್ಸುಕಾಲ ಶುರು, 2027ರಲ್ಲಿ ಅದು ಮಾರ್ಚ್ 15. ಅಲ್ಲಿಂದ ಈಸ್ಟರ್‌ವರೆಗೆ ಊಟದ ಮನೆಗಳಲ್ಲಿ ‘ನಿಸ್ತಿಸಿಮೊ’ ಎಂದು ಕೇಳಿದರೆ ಮಾಂಸ, ಮೊಟ್ಟೆ, ಹಾಲು, ಮೀನು ಇಲ್ಲದ ಅಡುಗೆ ಸಿಗುತ್ತದೆ. ದಪ್ಪ ಬೀನ್ಸ್ ಬೇಯಿಸಿದ್ದು, ಅನ್ನ ತುಂಬಿದ ದ್ರಾಕ್ಷಿ ಎಲೆ, ಬೇಯಿಸಿದ ಸೊಪ್ಪು, ಎಳ್ಳಿನ ಹಲ್ವ ನಮಗೆ ಬಹಳ ಹಿಡಿಸಿದವು. ಆದರೆ ಸೀಗಡಿ, ಆಕ್ಟೋಪಸ್, ಸ್ಕ್ವಿಡ್ ಅವರ ಉಪವಾಸಕ್ಕೆ ನಿಷಿದ್ಧವಲ್ಲ, ಕೇಳಿ ತಿಳಿದೇ ತಟ್ಟೆಗೆ ಕೈಹಾಕಿ. ತರಮಸಲಾತ ಎಂಬ ಗುಲಾಬಿ ಬಣ್ಣದ ಗೊಜ್ಜಿನಲ್ಲಿ ಮೀನಿನ ಮೊಟ್ಟೆ ಇರುತ್ತದೆ. ಈಸ್ಟರ್ ಮಧ್ಯರಾತ್ರಿ ದಾಟಿದ ಮೇಲೆ ಎಲ್ಲೆಡೆ ಕುರಿಮಾಂಸದ್ದೇ ದರ್ಬಾರು. ಭಾನುವಾರಕ್ಕೆ ಬೇಕಾದ ಹಣ್ಣು, ಬ್ರೆಡ್ಡುಗಳನ್ನು ಶನಿವಾರವೇ ಕೊಂಡಿಟ್ಟುಕೊಳ್ಳಿ, ಅಂಗಡಿ ತೆರೆದಿರುವುದಿಲ್ಲ.

ಮಧ್ಯರಾತ್ರಿಯ ಪುನರುತ್ಥಾನ ಪೂಜೆ ಮೈದಾನದ ಮಂಟಪದಲ್ಲಿ ನಡೆಯುತ್ತದೆ. ಬಹುಳ ಪಕ್ಷದ ಕೊನೆಯ ದಿನಗಳಾದ್ದರಿಂದ ಆಕಾಶದಲ್ಲಿ ಚಂದ್ರನಿರಲಿಲ್ಲ. ಕೋಷ್ಟಕದ ಹುಣ್ಣಿಮೆ ತಡವಾದದ್ದರ ಲಾಭ ಇದು. ಕತ್ತಲಲ್ಲಿ ಮೇಣದ ಬತ್ತಿಯಿಂದ ಬತ್ತಿಗೆ ಬೆಂಕಿ ಹರಿದು ಇಡೀ ಮೈದಾನ ಬೆಳಗಿತು. ಆಮೇಲೆ ಹಳೆಯ ಕೋಟೆಯಿಂದ ಸಿಡಿಮದ್ದು. ಬತ್ತಿಗೆ ಕಾಗದದ ಬಟ್ಟಲು ಸಿಕ್ಕಿಸಿಕೊಳ್ಳಿ, ಇಲ್ಲದಿದ್ದರೆ ಮೇಣ ಕೈ ಸುಡುತ್ತದೆ. ‘ಕ್ರಿಸ್ತೊಸ್ ಅನೆಸ್ತಿ’ (ಕ್ರಿಸ್ತ ಎದ್ದಿದ್ದಾನೆ) ಎಂದು ಯಾರಾದರೂ ಹೇಳಿದರೆ ‘ಅಲಿಥೊಸ್ ಅನೆಸ್ತಿ’ (ನಿಜವಾಗಿಯೂ ಎದ್ದಿದ್ದಾನೆ) ಎನ್ನಬೇಕು.

ಗೆಳೆಯ ದಂಪತಿ ಭಾನುವಾರ ಅಲ್ಲಿನ ಕ್ಯಾಥೊಲಿಕ್ ಪ್ರಧಾನ ಚರ್ಚಿನ ಬಲಿಪೂಜೆಗೆ ಹೋದರು. ಅಲ್ಲಿಯೂ ಅಂದೇ ಈಸ್ಟರ್! ಗ್ರೀಸ್‌ನ ಕ್ಯಾಥೊಲಿಕರು ನೆರೆಯವರ ದಿನಾಂಕವನ್ನೇ ಪಾಲಿಸುತ್ತಾರೆ. ಇದಕ್ಕೆ ತದ್ವಿರುದ್ಧವಾಗಿ ನಮ್ಮ ಬ್ರಹ್ಮಾವರದ ಆರ್ಥಡಾಕ್ಸ್ ಸಿರಿಯನ್ನರು ರೋಮ್ ದಿನಾಂಕದಲ್ಲೇ ಈಸ್ಟರ್ ಮಾಡುತ್ತಾರೆ. ಸಭೆಯ ಹೆಸರು ನೋಡಿ ದಿನಾಂಕ ಊಹಿಸುವಂತಿಲ್ಲ. ಫಿನ್‌ಲೆಂಡಿನ ಆರ್ಥಡಾಕ್ಸರದ್ದೂ ಆರ್ಮೇನಿಯದ್ದೂ ರೋಮ್ ದಿನಾಂಕವೇ. ರೊಮೇನಿಯ, ಸರ್ಬಿಯ, ಜಾರ್ಜಿಯ, ಇಥಿಯೋಪಿಯಗಳದ್ದು ಗ್ರೀಸ್‌ನದೇ. ಇವುಗಳಲ್ಲಿ ರೊಮೇನಿಯವನ್ನು ಬಿಟ್ಟರೆ ಉಳಿದವಕ್ಕೆ ಕ್ರಿಸ್‌ಮಸ್ ಕೂಡ ಜನವರಿ 7ಕ್ಕೆ. ಯಾವ ದೇಶಕ್ಕೇ ಹೊರಟರೂ ಆ ದೇಶದ ಸರ್ಕಾರಿ ರಜಾಪಟ್ಟಿಯನ್ನು ತೆಗೆದು ನೋಡುವುದು ಸುಲಭದ ದಾರಿ.

ಈಸ್ಟರ್ ಮರುದಿನದ ಸೋಮವಾರವೂ ರಜೆ. ಅಥೆನ್ಸ್‌ಗೆ ಮರಳುವ ಗ್ರೀಕರೆಲ್ಲ ಅಂದೇ ವಿಮಾನ, ದೋಣಿಗಳಿಗೆ ಮುಗಿಬೀಳುತ್ತಾರೆ. ನಾವು ಬುಧವಾರಕ್ಕೆ ಟಿಕೆಟ್ ತೆಗೆದಿದ್ದೆವು, ವಿಮಾನದಲ್ಲಿ ಅರ್ಧ ಸೀಟುಗಳು ಖಾಲಿಯಿದ್ದವು.